ಚದರ ಅಡಿ ಬಿಡಿ, ಪಟ್ಟಿ ಎಣಿಸಿ: ಕೋಣೆಗೆ ವಾಲ್‌ಪೇಪರ್ ಎಷ್ಟು ಬೇಕು?

ಮಂಚದ ಹಿಂದಿನ ಒಂದು ಗೋಡೆಗೆ ಮಾತ್ರ ವಾಲ್‌ಪೇಪರ್ ಅಂಟಿಸಬೇಕು ಎಂದುಕೊಳ್ಳಿ. ಗೋಡೆಯ ಅಗಲ 12 ಅಡಿ, ನೆಲದಿಂದ ಸೀಲಿಂಗಿಗೆ 9 ಅಡಿ 6 ಇಂಚು. ಕೆಳಗಿನ 4 ಇಂಚು ಸ್ಕರ್ಟಿಂಗ್ ಕಳೆದರೆ ಕಾಗದ ಹತ್ತುವ ಜಾಗ 110 ಚದರ ಅಡಿ. ಸಾಮಾನ್ಯ ರೋಲ್ ಒಂದರಲ್ಲಿ 57 ಚದರ ಅಡಿ ಕಾಗದ ಇರುತ್ತದೆ. ಎರಡು ರೋಲ್ ಎಂದರೆ 114 ಚದರ ಅಡಿ, ಸಾಕಲ್ಲ!

ಸಾಲುವುದಿಲ್ಲ. ಆ ಎರಡು ರೋಲ್ ಪೂರ್ತಿ ಅಂಟಿಸಿ ಮುಗಿಸಿದಾಗ ಗೋಡೆಯ ಒಂದು ತುದಿಯಲ್ಲಿ ಸುಮಾರು ಒಂದೂವರೆ ಅಡಿ ಅಗಲದ ಜಾಗ ನೆಲದಿಂದ ಸೀಲಿಂಗ್‌ವರೆಗೆ ಬೋಳಾಗಿ ಉಳಿದಿರುತ್ತದೆ. ಕೈಯಲ್ಲಿ ನಾಲ್ಕೂವರೆ ಅಡಿ ಉದ್ದದ ಎರಡು ತುಂಡುಗಳೂ ಉಳಿದಿರುತ್ತವೆ, ಆದರೆ ಅವು ಆ ಜಾಗಕ್ಕೆ ಬರುವುದಿಲ್ಲ. ಮೂರನೆಯ ರೋಲ್ ತರಲು ಹೋದರೆ ಅದೇ ಬ್ಯಾಚ್ ಮುಗಿದಿರಬಹುದು. ಬೇರೆ ಬ್ಯಾಚಿನ ರೋಲ್‌ನಲ್ಲಿ ಬಣ್ಣ ಒಂದು ಕೂದಲಷ್ಟು ಬೇರೆಯಾಗಿದ್ದರೂ ಪಕ್ಕಪಕ್ಕ ಅಂಟಿಸಿದಾಗ ಕಣ್ಣಿಗೆ ಹೊಡೆಯುತ್ತದೆ.

ತಪ್ಪು ಗುಣಾಕಾರದಲ್ಲಿಲ್ಲ. ಬಣ್ಣವನ್ನು ಚದರ ಅಡಿಯ ಲೆಕ್ಕದಲ್ಲಿ ಕೊಳ್ಳಬಹುದು, ಏಕೆಂದರೆ ಡಬ್ಬದ ತಳದಲ್ಲಿ ಉಳಿದದ್ದನ್ನೂ ಗೋಡೆಗೆ ಬಳಿಯಬಹುದು. ವಾಲ್‌ಪೇಪರ್ ಹಾಗಲ್ಲ. ಅದು ಮೇಲಿನಿಂದ ಕೆಳಗೆ ಇಡೀ ಪಟ್ಟಿಗಳಾಗಿಯೇ ಹತ್ತಬೇಕು. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಗೋಡೆಗೆ ಎಷ್ಟು ಪಟ್ಟಿ ಬೇಕು? ಒಂದು ರೋಲ್‌ನಿಂದ ಎಷ್ಟು ಪಟ್ಟಿ ಬರುತ್ತವೆ?

ಅಳತೆ

ಉಕ್ಕಿನ ಟೇಪ್, ಪೆನ್ಸಿಲ್, ಒಂದು ಹಾಳೆ ಇಟ್ಟುಕೊಳ್ಳಿ. ಕೋಣೆಯ ನಾಲ್ಕೂ ಗೋಡೆಗಳನ್ನು ಹಾಳೆಯ ಮೇಲೆ ಬೇರೆ ಬೇರೆಯಾಗಿ ಬರೆಯಿರಿ; ಬಾಗಿಲು, ಕಿಟಕಿ, ಕಪಾಟು ಎಲ್ಲಿವೆ ಎಂದು ಗುರುತು ಹಾಕಿ. ಎತ್ತರವನ್ನು ಪ್ರತಿ ಗೋಡೆಯಲ್ಲೂ ಮೂರು ಕಡೆ, ಎಡ, ನಡು, ಬಲ ಎಂದು ಅಳೆದು, ಮೂರರಲ್ಲಿ ದೊಡ್ಡದನ್ನು ಬರೆದುಕೊಳ್ಳಿ. ಅಗಲವನ್ನೂ ಮೇಲೊಮ್ಮೆ ಕೆಳಗೊಮ್ಮೆ ಅಳೆಯಬೇಕು. ನಮ್ಮ ಕಟ್ಟಡಗಳಲ್ಲಿ ಮೂಲೆಗಳು ನೇರವಾಗಿರುವುದು ಕಡಿಮೆ. ಪ್ಲಾಸ್ಟರಿಂಗ್ ಮಾಡುವಾಗ ಅರ್ಧ ಇಂಚು, ಒಂದು ಇಂಚು ಅತ್ತಿತ್ತ ಆಗಿಯೇ ಇರುತ್ತದೆ. ಮನೆ ಕಟ್ಟಿದಾಗಿನ ನಕ್ಷೆಯಲ್ಲಿರುವ ಅಳತೆಯನ್ನು ನಂಬಿ ಕಾಗದ ಕೊಳ್ಳಬೇಡಿ. ನಕ್ಷೆಯಲ್ಲಿ ಕೋಣೆ 12 ಅಡಿ ಇದ್ದರೂ ಕಟ್ಟಿ ಮುಗಿದ ಗೋಡೆ 12 ಅಡಿ 3 ಇಂಚು ಇರಬಹುದು, ಮತ್ತು ಆ 3 ಇಂಚಿಗೆ ಎಷ್ಟು ಬೆಲೆಯಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಫಾಲ್ಸ್ ಸೀಲಿಂಗ್ ಹಾಕಿಸುವ ಯೋಚನೆ ಇದ್ದರೆ ಅದು ಮುಗಿದ ಮೇಲೆಯೇ ಅಳೆಯಿರಿ. ಎ.ಸಿ., ಸ್ವಿಚ್ ಬೋರ್ಡ್, ಟಿ.ವಿ. ವೈರಿಂಗ್ ಕೆಲಸವೂ ಅಷ್ಟೇ.

ಅಳೆಯುವ ಹೊತ್ತಿಗೇ ಗೋಡೆಯ ತೇವವನ್ನೂ ನೋಡಿಬಿಡುವುದು ಒಳ್ಳೆಯದು. ಸ್ನಾನದ ಮನೆಯ ಹಿಂಬದಿಯ ಗೋಡೆ, ಮಳೆ ನೇರವಾಗಿ ಬಡಿಯುವ ಹೊರಗೋಡೆ, ಕರಾವಳಿ ಮತ್ತು ಮಲೆನಾಡಿನ ಯಾವುದೇ ಗೋಡೆಯಾದರೂ ಅನುಮಾನದಿಂದಲೇ ನೋಡಬೇಕು. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ರೋಲ್ ಲೆಕ್ಕ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ ಮೊದಲು ತೇವಕ್ಕೆ ಮದ್ದು ಮಾಡಿಸಿ. ಒದ್ದೆ ಗೋಡೆಗೆ ಎಷ್ಟು ರೋಲ್ ತಂದರೂ ಅದು ಎದ್ದು ಬರುವ ಕಾಗದವೇ.

ರೋಲಿನ ಚೀಟಿ

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ರೋಲ್ 53 ಸೆಂ.ಮೀ. ಅಗಲ, 10.05 ಮೀಟರ್ ಉದ್ದ. ನಮ್ಮ ಲೆಕ್ಕಕ್ಕೆ ಅದು 21 ಇಂಚಿಗೆ ತುಸು ಕಡಿಮೆ ಅಗಲ, 33 ಅಡಿಗೆ ತುಸು ಕಡಿಮೆ ಉದ್ದ. ಇಂಚಿನಲ್ಲಿ ನಿಖರವಾಗಿ ಹೇಳುವುದಾದರೆ 20.87 ಮತ್ತು 395.7. ಕೊರಿಯಾದಿಂದ ಬರುವ ದೊಡ್ಡ ರೋಲ್‌ಗಳು ಸಾಮಾನ್ಯವಾಗಿ 1.06 ಮೀಟರ್ ಅಗಲ, 15.6 ಮೀಟರ್ ಉದ್ದ ಇರುತ್ತವೆ. ಹಿಂಬದಿಯ ಹಾಳೆ ಕಿತ್ತು ಅಂಟಿಸುವ, ಆನ್‌ಲೈನ್‌ನಲ್ಲಿ ಮಾರುವ ಅಗ್ಗದ ರೋಲ್‌ಗಳು ಹಲವು ಬಾರಿ 45 ಸೆಂ.ಮೀ. ಅಗಲದವು. ಆದ್ದರಿಂದ ‘ಒಂದು ರೋಲ್’ ಎಂಬ ಮಾತಿಗೆ ಅಳತೆ ಸೇರದೆ ಅರ್ಥವಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು: ಅಲ್ಲಿ ಬೆಲೆಯನ್ನು ‘ಸಿಂಗಲ್ ರೋಲ್’ ಲೆಕ್ಕದಲ್ಲಿ ಹೇಳಿ, ಮಾರುವುದು ಎರಡು ಒಟ್ಟಿಗಿರುವ ‘ಡಬಲ್ ರೋಲ್’ ಆಗಿ.

ಚೀಟಿಯಲ್ಲಿ ಅಳತೆಯ ಜೊತೆಗೆ ಚಿತ್ತಾರ ಎಷ್ಟು ಸೆಂ.ಮೀ.ಗೆ ಮರಳಿ ಬರುತ್ತದೆ ಎಂಬುದೂ, ಬ್ಯಾಚ್ ಸಂಖ್ಯೆಯೂ ಇರುತ್ತವೆ. ಪಕ್ಕಪಕ್ಕದ ಪಟ್ಟಿಗಳ ಚಿತ್ತಾರವನ್ನು ಹೇಗೆ ಹೊಂದಿಸಬೇಕು ಎಂಬುದನ್ನು ಬಾಣದ ಗುರುತು ತೋರಿಸುತ್ತದೆ. ಬಾಣದ ಪಕ್ಕ ಸೊನ್ನೆ ಇದ್ದರೆ ಹೊಂದಿಸುವ ಕೆಲಸವೇ ಇಲ್ಲ. ಎದುರುಬದುರಾದ ಎರಡು ಬಾಣಗಳಿದ್ದರೆ ಪಕ್ಕದ ಪಟ್ಟಿಯ ಚಿತ್ತಾರ ಅದೇ ಎತ್ತರದಲ್ಲಿ ಕೂಡಬೇಕು. ಒಂದು ಬಾಣ ಮೇಲೆ, ಇನ್ನೊಂದು ಕೆಳಗೆ ಸರಿದಿದ್ದರೆ ಪಕ್ಕದ ಪಟ್ಟಿಯನ್ನು ಅಷ್ಟು ಸರಿಸಿ ಹೊಂದಿಸಬೇಕು. ಆಗ ‘64/32’ ಎಂಬಂತೆ ಬರೆದಿರುತ್ತದೆ. ಚಿತ್ತಾರ 64 ಸೆಂ.ಮೀ.ಗೊಮ್ಮೆ ಮರಳುತ್ತದೆ, ಪಕ್ಕದ ಪಟ್ಟಿ 32 ಸೆಂ.ಮೀ. ಸರಿಯುತ್ತದೆ ಎಂದು ಅದರರ್ಥ.

ಪಟ್ಟಿಯ ಲೆಕ್ಕ

ಈಗ ಮೊದಲಿನ ಗೋಡೆಗೆ ಮರಳೋಣ. ಕಾಗದ ಹತ್ತುವ ಎತ್ತರ 110 ಇಂಚು. ಮೇಲೆ 2, ಕೆಳಗೆ 2 ಇಂಚು ಹೆಚ್ಚು ಬಿಟ್ಟು ಅಂಟಿಸಿ, ಆಮೇಲೆ ಬ್ಲೇಡಿನಿಂದ ಅಂಚು ಕೊಯ್ಯುವುದು ಕ್ರಮ. ಹಾಗಾಗಿ ಪಟ್ಟಿಯ ಉದ್ದ 114 ಇಂಚು.

ಒಂದು ರೋಲ್‌ನಲ್ಲಿ ಎಷ್ಟು ಪಟ್ಟಿ? 395 ಅನ್ನು 114ರಿಂದ ಭಾಗಿಸಿದರೆ 3.46. ಭಿನ್ನರಾಶಿಯನ್ನು ಬಿಟ್ಟುಬಿಡಿ, 3 ಪಟ್ಟಿ.

ಗೋಡೆಗೆ ಎಷ್ಟು ಪಟ್ಟಿ? 144 ಇಂಚನ್ನು 20.87ರಿಂದ ಭಾಗಿಸಿದರೆ 6.9. ಇಲ್ಲಿ ಮೇಲಕ್ಕೆ ಏರಿಸಿ, 7 ಪಟ್ಟಿ.

7 ಪಟ್ಟಿಗೆ, ರೋಲಿಗೆ ಮೂರರಂತೆ, 3 ರೋಲ್ ಬೇಕು. ಒಂದು ಭಾಗಾಕಾರದಲ್ಲಿ ಇಳಿಸುವುದು, ಇನ್ನೊಂದರಲ್ಲಿ ಏರಿಸುವುದು. ಇಡೀ ಲೆಕ್ಕದ ಜೀವ ಇರುವುದು ಇಲ್ಲಿಯೇ. 3.46ನ್ನು ಹಾಗೆಯೇ ಇಟ್ಟುಕೊಂಡು ಮುಂದುವರಿದರೆ ಮತ್ತೆ ಚದರ ಅಡಿಯ ಲೆಕ್ಕಕ್ಕೇ ಹೋಗಿ ಬೀಳುತ್ತೀರಿ.

7 ಪಟ್ಟಿಗಳ ಒಟ್ಟು ಅಗಲ 146 ಇಂಚು. 12 ಅಡಿಯ ಗೋಡೆಗೆ 2 ಇಂಚು ಮಾತ್ರ ಮಿಕ್ಕುತ್ತದೆ. ಗೋಡೆ ನಿಜದಲ್ಲಿ 12 ಅಡಿ 3 ಇಂಚು ಇದ್ದರೆ ಎಂಟನೆಯ ಪಟ್ಟಿ ಬೇಕೇ ಬೇಕು. ಟೇಪ್ ಹಿಡಿದು ಅಳೆಯಿರಿ ಎಂದು ಒತ್ತಿ ಹೇಳಿದ್ದು ಇದಕ್ಕೆ.

ಎತ್ತರಕ್ಕೂ ಇಂಥದೇ ಒಂದು ಗಡಿ ಇದೆ. ಚಿತ್ತಾರವಿಲ್ಲದ ಕಾಗದದಲ್ಲಿ ಪಟ್ಟಿಯ ಉದ್ದ 131 ಇಂಚು ದಾಟಿತೆಂದರೆ ರೋಲ್‌ನಿಂದ ಬರುವುದು ಎರಡೇ ಪಟ್ಟಿ. ಹಳೆಯ ಮನೆಗಳ ಹನ್ನೊಂದೂವರೆ ಅಡಿ ಎತ್ತರದ ಗೋಡೆಗೆ 138 ಇಂಚಿನ ಪಟ್ಟಿ ಬೇಕು. ಪ್ರತಿ ರೋಲಿನಲ್ಲೂ ಹತ್ತು ಅಡಿಯಷ್ಟು ಕಾಗದ ಉಳಿದು ವ್ಯರ್ಥ, ಅದೇ 12 ಅಡಿ ಗೋಡೆಗೆ 3ರ ಬದಲು 4 ರೋಲ್. ಅಂಥ ಮನೆಯವರಿಗೆ ನನ್ನ ಸಲಹೆ: ಕೆಳಗಿನ ಮೂರು ಅಡಿಗೆ ಮರದ ಹಲಗೆ ಅಥವಾ ಗಟ್ಟಿ ಬಣ್ಣ ಮಾಡಿಸಿ, ಅದರ ಮೇಲಿನಿಂದ ಕಾಗದ ಶುರು ಮಾಡಿ. ರೋಲಿಗೆ ಮತ್ತೆ ಮೂರು ಪಟ್ಟಿ ಬರುತ್ತವೆ. ಎತ್ತರದ ಕೋಣೆಗೆ ಅದು ಚೆನ್ನಾಗಿಯೂ ಒಪ್ಪುತ್ತದೆ.

ಕೊರಿಯಾದ ದೊಡ್ಡ ರೋಲ್ ಆದರೆ? ಅಗಲ 41.7 ಇಂಚು, 12 ಅಡಿ ಗೋಡೆಗೆ 4 ಪಟ್ಟಿ. ಉದ್ದ 614 ಇಂಚು, ಅಂದರೆ 114 ಇಂಚಿನ 5 ಪಟ್ಟಿ. ಒಂದೇ ರೋಲ್‌ನಲ್ಲಿ ಗೋಡೆ ಮುಗಿದು ಒಂದು ಪಟ್ಟಿ ಕೈಯಲ್ಲಿ ಉಳಿಯುತ್ತದೆ. ಬೆಲೆ ನೋಡುವಾಗ ರೋಲಿಗೆ ರೋಲ್ ಹೋಲಿಸದೆ, ನಿಮ್ಮ ಗೋಡೆ ಮುಗಿಯಲು ಒಟ್ಟು ಎಷ್ಟಾಗುತ್ತದೆ ಎಂದು ಹೋಲಿಸಿ.

ಚಿತ್ತಾರ ಇದ್ದಾಗ

ಚೌಕಳಿ ಬಟ್ಟೆಯ ಅಂಗಿ ಹೊಲಿಸಲು ಕೊಟ್ಟರೆ ದರ್ಜಿ ಸ್ವಲ್ಪ ಹೆಚ್ಚು ಬಟ್ಟೆ ಕೇಳುತ್ತಾನೆ, ಗೆರೆಗೆ ಗೆರೆ ಕೂಡಿಸಬೇಕಲ್ಲ. ಇಲ್ಲಿಯೂ ಕಾರಣ ಅದೇ. ಪ್ರತಿ ಪಟ್ಟಿಯೂ ಚಿತ್ತಾರದ ಒಂದೇ ಜಾಗದಿಂದ ಆರಂಭವಾಗಬೇಕು. ಆದ್ದರಿಂದ ಪಟ್ಟಿಯ ಉದ್ದವನ್ನು ಚಿತ್ತಾರದ ಅಳತೆಯ ಪೂರ್ಣ ಮಡಿಗೆ ಏರಿಸಬೇಕು.

64 ಸೆಂ.ಮೀ. ಎಂದರೆ 25.2 ಇಂಚು. 114ನ್ನು ಅದರಿಂದ ಭಾಗಿಸಿದರೆ 4.52, ಏರಿಸಿದರೆ 5. ಐದು ಸಲ 25.2 ಎಂದರೆ 126 ಇಂಚು. ಇನ್ನು ನಿಮ್ಮ ಪಟ್ಟಿ 114 ಅಲ್ಲ, 126. 395ರಲ್ಲಿ ಅದು ಮೂರು ಸಲವೇ ಹೋಗುತ್ತದೆ, ಈ ಗೋಡೆ ಪಾರಾಯಿತು. ಆದರೆ ಪಟ್ಟಿಯ ಉದ್ದ 126 ಇಂಚು ದಾಟುವ ಗೋಡೆಯಾಗಿದ್ದರೆ ಆರು ಚಿತ್ತಾರ, ಅಂದರೆ 151 ಇಂಚು ಬೇಕಾಗುತ್ತಿತ್ತು, ರೋಲಿಗೆ ಎರಡೇ ಪಟ್ಟಿ ಬರುತ್ತಿದ್ದವು. ಒಂದು ಇಂಚಿನ ಹೆಚ್ಚುವರಿಗೆ ಮೂರರಲ್ಲಿ ಒಂದು ಪಟ್ಟಿ ಹೋಗುತ್ತದೆ. ಎರಡು ಕಾಗದಗಳು ಸಮನಾಗಿ ಇಷ್ಟವಾದರೆ, ನಿಮ್ಮ ಗೋಡೆಯ ಎತ್ತರಕ್ಕೆ ಯಾವ ಚಿತ್ತಾರ ಕಡಿಮೆ ವ್ಯರ್ಥವಾಗಿ ಕೂಡುತ್ತದೆ ಎಂದು ನೋಡಿ ಆರಿಸಿ. ದೊಡ್ಡ ಹೂವಿನ ಕಾಗದವೇ ಹೆಚ್ಚು ವ್ಯರ್ಥ ಎಂದು ಎಲ್ಲರೂ ಹೇಳುತ್ತಾರೆ. ಸಾಮಾನ್ಯವಾಗಿ ನಿಜ, ಆದರೆ ಎತ್ತರದ ಜೊತೆಗೆ ಸರಿಯಾಗಿ ಕೂಡಿದರೆ ದೊಡ್ಡ ಹೂವೂ ಏನೂ ನಷ್ಟ ಮಾಡುವುದಿಲ್ಲ.

ಸರಿಸಿ ಹೊಂದಿಸುವ ಕಾಗದದಲ್ಲಿ ಒಂದು ಉಪಾಯವಿದೆ, ಇದನ್ನು ತಿಳಿಯದೆ ಅನೇಕರು ಕಾಗದ ಕಳೆದುಕೊಳ್ಳುತ್ತಾರೆ. ಪಟ್ಟಿಯ ಉದ್ದ 120 ಇಂಚು, ಕಾಗದ 64/32 ಎಂದಿಟ್ಟುಕೊಳ್ಳಿ. ಒಂದೇ ರೋಲಿನಿಂದ ಒಂದಾದ ಮೇಲೊಂದು ಕತ್ತರಿಸುತ್ತ ಹೋದರೆ ಎರಡನೆಯ ಪಟ್ಟಿ ಆರಂಭವಾಗುವುದು 138.6 ಇಂಚಿನಲ್ಲಿ, ಮೂರನೆಯದು 277.2ರಲ್ಲಿ; ಅದು ಮುಗಿಯಲು 397 ಇಂಚು ಬೇಕು. ರೋಲಿನಲ್ಲಿ ಅಷ್ಟಿಲ್ಲ. ಎರಡು ರೋಲ್ ಒಟ್ಟಿಗೆ ಬಿಚ್ಚಿ, 1, 3, 5ನೆಯ ಪಟ್ಟಿಗಳನ್ನು ಒಂದರಿಂದ, 2, 4, 6ನೆಯವನ್ನು ಇನ್ನೊಂದರಿಂದ ಕತ್ತರಿಸಿದರೆ ಎರಡೂ ರೋಲ್‌ಗಳಿಂದ ತಲಾ ಮೂರು ಪಟ್ಟಿ ಬರುತ್ತವೆ. ಅಂಟಿಸುವವರಿಗೆ ಇದನ್ನು ಕತ್ತರಿ ಹಿಡಿಯುವ ಮೊದಲೇ ಹೇಳಿ.

ಬಾಗಿಲು, ಕಿಟಕಿ, ಕಪಾಟು

ಇಡೀ ಕೋಣೆಗೆ ಅಂಟಿಸುವುದಾದರೆ ಕಳೆಯುವ ಆಸೆ ಸಹಜ. ಬಾಗಿಲು 21 ಚದರ ಅಡಿ, ಕಿಟಕಿ 16, ಎರಡನ್ನೂ ಕಳೆದರೆ ಎಷ್ಟೋ ಉಳಿಯಿತಲ್ಲ ಎನಿಸುತ್ತದೆ. ಪಟ್ಟಿಯ ಲೆಕ್ಕದಲ್ಲಿ ಹೀಗಾಗುವುದಿಲ್ಲ. ಮೂರು ಅಡಿ ಅಗಲದ ಬಾಗಿಲಿನ ಮೇಲೆ ಎರಡು ಪಟ್ಟಿಗಳ ಅಂಚು ಬಂದು, ಎರಡರ ಒಂದೊಂದು ಭಾಗ ಪಕ್ಕದ ಗೋಡೆಯಲ್ಲಿರಬಹುದು; ಆಗ ಎರಡೂ ಪೂರ್ತಿ ಉದ್ದದವೇ ಆಗಬೇಕು. ಬಾಗಿಲಿಗೆ ಏನೂ ಕಳೆಯಬೇಡಿ. ನಾಲ್ಕು ಅಡಿ ಅಗಲದ ಕಿಟಕಿಯೊಳಗೆ ಒಂದು ಪಟ್ಟಿಯಾದರೂ ಪೂರ್ತಿ ಬಿದ್ದೇ ಬೀಳುತ್ತದೆ. ಅಲ್ಲಿ ಬೇಕಾಗುವುದು ಲಿಂಟಲ್ ಮೇಲೊಂದು, ಕಿಟಕಿಯ ಕೆಳಗೊಂದು ತುಂಡು. ಚಿತ್ತಾರವಿಲ್ಲದ ಕಾಗದವಾದರೆ ಪ್ರತಿ ರೋಲಿನ ಕೊನೆಯಲ್ಲಿ ಉಳಿಯುವ 53 ಇಂಚಿನ ತುಂಡುಗಳು ಇವಕ್ಕೆ ಸಾಕು. ಒಂದು ಪಟ್ಟಿ ಕಳೆಯಬಹುದು. ಚಿತ್ತಾರದ ಕಾಗದದಲ್ಲಿ ಕೊನೆಗೆ ಉಳಿಯುವುದು 17 ಇಂಚು. ಅಲ್ಲಿ ಕಿಟಕಿಗೂ ಕಳೆಯಬೇಡಿ.

ನೆಲದಿಂದ ಸೀಲಿಂಗ್‌ವರೆಗೆ ಗೋಡೆಗೆ ಕೂಡಿಸಿದ ಕಪಾಟು ಬೇರೆ ಮಾತು, ಅದನ್ನು ನೆಮ್ಮದಿಯಾಗಿ ಕಳೆಯಿರಿ. ಸರಿಸಬಹುದಾದ ಬೀರುವನ್ನು ಕಳೆಯಬೇಡಿ, ನಾಳೆ ಅದನ್ನು ಸರಿಸುತ್ತೀರಿ.

12 ಅಡಿಗೆ 10 ಅಡಿಯ ಕೋಣೆ, ಅದೇ ಎತ್ತರ, 7 ಅಡಿ ಅಗಲದ ಕಪಾಟು, ಒಂದು ಬಾಗಿಲು, ನಾಲ್ಕಡಿಯ ಒಂದು ಕಿಟಕಿ ಎಂದಿಟ್ಟುಕೊಂಡು ನೋಡೋಣ. ಸುತ್ತಳತೆ 44 ಅಡಿ, ಕಪಾಟು ಕಳೆದು 37. ಇಂಚಿನಲ್ಲಿ 444, ಪಟ್ಟಿಯಲ್ಲಿ 21.3, ಅಂದರೆ 22. ಚಿತ್ತಾರವಿಲ್ಲದಿದ್ದರೆ ಕಿಟಕಿಗೆ ಒಂದು ಕಳೆದು 21 ಪಟ್ಟಿ, 7 ರೋಲ್. ಚಿತ್ತಾರವಿದ್ದರೆ 22 ಪಟ್ಟಿ, 8 ರೋಲ್. ಇದೇ ಕೋಣೆಗೆ ಚದರ ಅಡಿಯಲ್ಲಿ ಲೆಕ್ಕ ಹಾಕಿದವರು 6 ರೋಲ್ ತಂದು ಕೆಲಸ ಅರ್ಧದಲ್ಲಿ ನಿಲ್ಲಿಸುತ್ತಾರೆ.

ಎರಡು ಸುತ್ತು ಎಣಿಸಿ ನೋಡಬೇಕೆಂದರೆ 21 ಇಂಚಿನ ಒಂದು ಕಡ್ಡಿ ಕತ್ತರಿಸಿಕೊಂಡು, ಪೆನ್ಸಿಲ್‌ನಿಂದ ಗೋಡೆಗುಂಟ ಗುರುತು ಹಾಕುತ್ತ ಹೋಗಿ. ಯಾವ ಪಟ್ಟಿ ಎಲ್ಲಿ ಬೀಳುತ್ತದೆ, ಬಾಗಿಲಿನ ಮೇಲೆ ಅಂಚು ಎಲ್ಲಿ ಬರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಅಂಗಡಿಯಲ್ಲಿ

ಅಳತೆಗೆ ತಕ್ಕಂತೆ ಮುದ್ರಿಸಿ ಕೊಡುವ ಚಿತ್ರಗಳನ್ನು, ಕಾಡು, ಸಮುದ್ರ, ದೇವರ ಚಿತ್ರ ಏನೇ ಇರಲಿ, ಚದರ ಅಡಿಯಲ್ಲೇ ಮಾರುತ್ತಾರೆ. ಅಲ್ಲಿ ಪಟ್ಟಿ ಎಣಿಸಬೇಕಾಗಿಲ್ಲ. ಆದರೆ ಗೋಡೆಯ ಅತಿ ಹೆಚ್ಚಿನ ಅಗಲ ಮತ್ತು ಎತ್ತರ ಕೊಟ್ಟು, ಎರಡೂ ಕಡೆ 3ರಿಂದ 4 ಇಂಚು ಕೂಡಿಸಿ ಮುದ್ರಿಸಲು ಹೇಳಿ. ಮುಖ್ಯ ಆಕೃತಿ ಅಂಚಿಗೆ ತೀರಾ ಹತ್ತಿರವಿದ್ದರೆ ಒಳಕ್ಕೆ ಸರಿಸಿಸಿಕೊಳ್ಳಿ.

ರೋಲ್ ಕಾಗದವಾದರೆ ಲೆಕ್ಕಕ್ಕೆ ಬಂದದ್ದಕ್ಕಿಂತ ಒಂದು ಹೆಚ್ಚು ತನ್ನಿ. ಹಣ ದಂಡ ಎನಿಸಬಹುದು. ಆದರೆ ಅಂಟಿಸುವಾಗ ಒಂದು ಪಟ್ಟಿ ಹರಿದರೆ, ಮುಂದೆ ಪೈಪು ಸೋರಿ ಒಂದು ಮೂಲೆ ಕಲೆಯಾದರೆ, ಆಗ ಅದೇ ಕಾಗದ ಸಿಗುವ ಭರವಸೆ ಇಲ್ಲ. ಬಿಚ್ಚದ ರೋಲನ್ನು ವಾಪಸು ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ, ಹೌದೆಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಎಲ್ಲ ರೋಲ್‌ಗಳ ಬ್ಯಾಚ್ ಸಂಖ್ಯೆ ಒಂದೇ ಎಂದು ಕೌಂಟರಿನಲ್ಲೇ ನೋಡಿ. ಮನೆಗೆ ಬಂದ ಮೇಲೆ, ಕತ್ತರಿಸುವ ಮೊದಲು, ಎಲ್ಲ ರೋಲ್‌ಗಳನ್ನೂ ಒಂದೊಂದು ಅಡಿ ಬಿಚ್ಚಿ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ಬಣ್ಣ ಹೋಲಿಸಿ. ಕತ್ತರಿಸಿದ ಕಾಗದವನ್ನು ಯಾವ ಅಂಗಡಿಯವರೂ ಹಿಂದಕ್ಕೆ ಪಡೆಯುವುದಿಲ್ಲ. ಕೆಲಸ ಮುಗಿದ ಮೇಲೆ ಒಂದು ಚೀಟಿಯನ್ನು ಎಸೆಯದೆ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಉಳಿದ ರೋಲನ್ನು ನಿಲ್ಲಿಸದೆ ಅಡ್ಡ ಮಲಗಿಸಿ, ತೇವ ತಾಕದ ಅಟ್ಟದಲ್ಲಿಡಿ, ಏಕೆಂದರೆ ನಿಲ್ಲಿಸಿಟ್ಟ ರೋಲಿನ ಅಂಚು ಜಜ್ಜಿಹೋಗಿ ಮುಂದೆ ಪಟ್ಟಿಯ ಜೋಡಣೆಯಲ್ಲಿ ಅದು ಎದ್ದು ಕಾಣುತ್ತದೆ.