ಶಾಲೆಯಲ್ಲಿ ಪ್ಯಾಡ್ ಇಡಬೇಕಾದ್ದು ಬೀರುವಿನಲ್ಲಲ್ಲ

ನಮ್ಮ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳ ಹೆಣ್ಣುಮಕ್ಕಳಿಗೆ 'ಶುಚಿ' ಯೋಜನೆಯಲ್ಲಿ ಮುಟ್ಟಿನ ಪ್ಯಾಡ್ ಪುಕ್ಕಟೆ ಸಿಗುತ್ತದೆ. 2013-14ರಲ್ಲಿ ಶುರುವಾದ ಯೋಜನೆ ನಡುವೆ ಕೆಲವು ವರ್ಷ ನಿಂತೇ ಹೋಗಿತ್ತು, 2024ರಲ್ಲಿ ಮತ್ತೆ ಬಂತು. ಹಾಗಾಗಿ ಸರ್ಕಾರದ ಸ್ಟಾಕನ್ನೇ ನಂಬಿ ಕೂರಬೇಡಿ. ಶಾಲೆಯದ್ದೂ ಒಂದಿಷ್ಟು ಇರಲಿ.

ಖರ್ಚು ಜಾಸ್ತಿಯೇನಿಲ್ಲ. ಜನೌಷಧಿ ಕೇಂದ್ರದ 'ಸುವಿಧಾ' ಪ್ಯಾಡ್ ಒಂದಕ್ಕೆ 1 ರೂಪಾಯಿ. ದೊಡ್ಡ ಕ್ಲಾಸುಗಳಲ್ಲಿ 100 ಹುಡುಗಿಯರಿದ್ದರೆ, ತುರ್ತಿಗೆ ತಿಂಗಳಿಗೆ ತಲಾ ಎರಡರಂತೆ 200 ರೂಪಾಯಿ ಆಯಿತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ಲೆಕ್ಕ ಮುಂದಿಡಿ. ಸಭೆಯ ಟೀ-ಬಿಸ್ಕತ್ತಿಗೇ ಅಷ್ಟಾಗುತ್ತೆ, ಅಲ್ವಾ?

ಕೆಲಸ ಕೆಡುವುದು ಇಡುವ ಜಾಗದಲ್ಲಿ. ಪ್ಯಾಕೆಟ್‌ಗಳೆಲ್ಲ ಸ್ಟಾಫ್‌ರೂಮಿನ ಬೀರುವಿನಲ್ಲಿ, ಬೀರುವಿಗೆ ಬೀಗ, ಕೀ ಯಾವುದೋ ಮೇಷ್ಟ್ರ ಜೇಬಿನಲ್ಲಿ, ಅವರೋ ಹತ್ತನೇ ಕ್ಲಾಸಿಗೆ ಪಾಠ ಮಾಡುತ್ತಿರುತ್ತಾರೆ. ಏಳನೇ ಕ್ಲಾಸಿನ ಹುಡುಗಿ ಅಲ್ಲಿಗೆ ಹೋಗಿ ಕೇಳುತ್ತಾಳಾ? ಹೊಟ್ಟೆನೋವು ಅಂತ ಹೇಳಿ ಮನೆಗೆ ಹೋಗುತ್ತಾಳೆ, ಅಷ್ಟೇ. ಅದಕ್ಕೇ ಹುಡುಗಿಯರ ಟಾಯ್ಲೆಟ್ ಒಳಗೇ, ನೀರು ಸಿಡಿಯದಷ್ಟು ಎತ್ತರದಲ್ಲಿ, ಮುಚ್ಚಳ ಇರುವ ಡಬ್ಬಿ ಇಡಿ. ಬಾಗಿಲಿಗೆ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ, ಸೋಪು ಇದೆಯಾ ಅಂತ ಮೊದಲು ನೋಡಿ. ಬೆಳಿಗ್ಗೆ ಒಬ್ಬ ಮಿಸ್ ಡಬ್ಬಿ ತುಂಬಿಸಿ, ಎಷ್ಟು ಹಾಕಿದರು ಅಂತ ಮಾತ್ರ ಬರೆದರೆ ಸಾಕು. ಯಾರು ತೆಗೆದುಕೊಂಡರು ಅನ್ನೋ ರಿಜಿಸ್ಟರ್ ಬೇಡವೇ ಬೇಡ. ಯಾರೋ ಒಂದರ ಬದಲು ನಾಲ್ಕು ಒಯ್ದರೆ ಒಯ್ಯಲಿ ಬಿಡಿ, ಮನೆಯಲ್ಲಿ ಅಕ್ಕನಿಗೂ ಬೇಕಿರಬಹುದು.

ಡಬ್ಬಿ ಪಕ್ಕದಲ್ಲೇ ಹಳೇ ಪೇಪರ್ ಕತ್ತರಿಸಿಡಿ, ಕೆಳಗೆ ಮುಚ್ಚಳದ ಬಕೆಟ್. ಬಳಸಿದ ಪ್ಯಾಡನ್ನು ಸುತ್ತಿ ಅದರಲ್ಲೇ ಹಾಕಬೇಕು, ಕಮೋಡಿಗೆ ಹಾಕಿದರೆ ಪೈಪ್ ಕಟ್ಟಿಕೊಳ್ಳುತ್ತದೆ. ಬಕೆಟ್ ದಿನಾ ಖಾಲಿಯಾಗಲಿ, ಮಾಡುವ ಅಕ್ಕನಿಗೆ ಗ್ಲೌಸ್ ಕೊಡಿ. ಶಾಲೆ ಹಿಂದೆ ಗುಂಡಿ ತೋಡಿ ಸುಡಬೇಡಿ, ಪ್ಯಾಡಿನಲ್ಲಿ ಪ್ಲಾಸ್ಟಿಕ್ ಇರುತ್ತದೆ. ಕಸದ ಗಾಡಿಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು ಅಂತ ಕ್ಲಾಸಿನಲ್ಲೇ ಹೇಳಿ. ಮುಟ್ಟು ಅಂದರೇನು ಅಂತ ಹುಡುಗರಿಗೂ ಹೇಳಿಕೊಡಿ, ಕಿಸಿಕಿಸಿ ನಗೋದು ಕಮ್ಮಿಯಾಗುತ್ತದೆ. ದಸರಾ ರಜೆ, ಬೇಸಿಗೆ ರಜೆಗೆ ಮುಂಚೆ ಮಾತ್ರ ಡಬ್ಬಿಯ ಲೆಕ್ಕ ಬಿಟ್ಟು, ಪ್ಯಾಕೆಟ್ಟನ್ನೇ ಬ್ಯಾಗಿಗೆ ಹಾಕಿ ಕಳಿಸಿ.