ಬಿಸಿಲವ್ವನ ಸೊಂಟವನ್ನು ನಾಲ್ಕು ಸಲ ಅಳಿಸಿದೆ

ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಕಳೆದ ಫೆಬ್ರುವರಿಯಲ್ಲಿ ನಮ್ಮ ಲೈಬ್ರರಿಗೆ ಒಂದು ಕಾಮಿಕ್ಸ್ ಮಾಡೋಣ ಅಂತ ಹೊರಟೆ. ಹದಿನಾರು ಪುಟ, ಒಳಗೆಲ್ಲ ಕಪ್ಪು ಬಿಳುಪು, ಮುಖಪುಟಕ್ಕೆ ಮಾತ್ರ ಬಣ್ಣ, ಆಮೇಲೆ ಜೆರಾಕ್ಸ್. ಕಥೆ ಸರಳ. ನಮ್ಮೂರಿನ ಒಬ್ಬ ಹುಡುಗಿ ಹಗಲೆಲ್ಲ ಬಿಸಿಲು ಕುಡೀತಾಳೆ, ರಾತ್ರಿ ಅದೇ ಶಾಖವನ್ನು ಕೈಯಿಂದ ಬಿಡ್ತಾಳೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಈ ಶಕ್ತಿಗೆ ಸರಕಿನ ಕೊರತೆ ಇಲ್ಲ. ಹೆಸರು 'ಜ್ವಾಲಾ' ಅಂತ ಇಟ್ಟೆ.

ಮೊದಲ ಪುಟ ಮುಗಿಸಿ ಎಂಟನೇ ಕ್ಲಾಸಿಗೆ ತೋರಿಸಿದೆ. ಜ್ವಾಲಾ ಕೋಟೆಯ ಗೋಡೆ ಮೇಲೆ ನಿಂತಿದ್ದಾಳೆ, ಕೂದಲು ಗಾಳಿಗೆ ಹಾರ್ತಿದೆ, ಕೈಯಲ್ಲಿ ಬೆಂಕಿ. ನನಗೇ ಖುಷಿಯಾಗಿತ್ತು. ಹಿಂದಿನ ಬೆಂಚಿನಿಂದ ಒಂದು ಹುಡುಗಿ ಕೇಳಿದಳು: "ಟೀಚರ್, ಇಕಿದು ಹೊಟ್ಟಿ ಎಲ್ಲಿ ಹೋಗ್ಯಾದ್ರೀ?"

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಸಂಜೆ ಮನೆಗೆ ಬಂದು ಸುಮ್ನೆ ಸ್ಕೇಲ್ ಇಟ್ಟು ಅಳೆದೆ. ತಲೆಯ ಅಗಲ 2.2 ಸೆಂ.ಮೀ. ಸೊಂಟದ ಅಗಲ 1.9 ಸೆಂ.ಮೀ. ತಲೆಗಿಂತ ಸಣ್ಣ ಸೊಂಟ! ಉಣ್ಣೋದಿರಲಿ, ಒಂದು ಲೋಟ ನೀರು ಇಳಿಯೋಕೂ ಅಲ್ಲಿ ಜಾಗ ಇಲ್ಲ. ಚಿತ್ರದಲ್ಲಿ ಮೈಯ ಎತ್ತರವನ್ನು ತಲೆಯ ಉದ್ದದಿಂದ ಅಳೀತೀವಿ. ಇವಳ ಎತ್ತರ ಒಂಬತ್ತು ತಲೆ, ಅದರಲ್ಲಿ ಐದೂವರೆ ತಲೆ ಬರೀ ಕಾಲು. ನಿಜವಾದ ಮನುಷ್ಯರ ಎತ್ತರ ಸುಮಾರು ಏಳೂವರೆ ತಲೆ, ಸೂಪರ್‌ಹೀರೋಗೆ ಎಂಟು, ಎಂಟೂವರೆ ಕೊಡೋದು ರೂಢಿ. ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸೋಳು ನಾನೇ.

ಅಳಿಸಿ ಮತ್ತೆ ಬರೆದೆ. ಸೊಂಟ ಮತ್ತೆ ಸಣ್ಣದಾಯ್ತು. ಮೂರನೇ ಸಲವೂ ಅಷ್ಟೇ. ಆಗ ನನಗೆ ಸ್ವಲ್ಪ ಹೆದರಿಕೆಯಾಯ್ತು ಅಂತಲೇ ಹೇಳಬೇಕು. ಯಾಕಂದ್ರೆ ಹೆಣ್ಣಿನ ಮೈಯನ್ನು ಹೀಗೆ ತೋರಿಸೋದು ತಪ್ಪು ಅಂತ ಹತ್ತು ಕಡೆ ಮಾತಾಡಿದವಳು ನಾನು. ಕೈ ಮಾತ್ರ ನನ್ನ ಮಾತು ಕೇಳ್ತಿರಲಿಲ್ಲ.

ಕೈಗೆ ಇದನ್ನು ಕಲಿಸಿದ್ದು ಯಾರು? ನಮ್ಮಪ್ಪ ಬೋರ್ಡ್ ಪೇಂಟರ್. ಅಂಗಡಿ ಬೋರ್ಡು, ಲಾರಿ ಹಿಂದಿನ ಹೂಬಳ್ಳಿ, ಒಂದು ಕಾಲದಲ್ಲಿ ಸಿನಿಮಾ ಬ್ಯಾನರ್. ಹತ್ತು ವರ್ಷದವಳಿದ್ದಾಗ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಹೇಳಿದ್ದರು: "ಗಂಡಿಗಿ ಕಟಗಿ, ಹೆಣ್ಣಿಗಿ ಬಳ್ಳಿ. ಇಷ್ಟ್ ನೆಪ್ಪಿಟ್ಕೊ, ಬ್ಯಾನರ್ ತಾನಾ ಆಗ್ತದ." ಹೀರೋಗೆ ಮೇಲಿಂದ ಕೆಳಗೆ ಒಂದು ನೇರ ಗೆರೆ. ಹೀರೋಯಿನ್‌ಗೆ ಎಸ್ ಅಕ್ಷರದ ಹಾಗೆ ಒಂದು ಬಳುಕು. ಅದರ ಮೇಲೆ ಮೈ ತುಂಬಿಸೋದು. ಗುಡಿಯ ಶಿಲ್ಪಗಳು ಮೈಯನ್ನು ಮೂರು ಕಡೆ ಬಾಗಿಸಿ ನಿಲ್ಲುವ ತ್ರಿಭಂಗಿಯಿಂದ ಕ್ಯಾಲೆಂಡರಿಗೆ, ಕ್ಯಾಲೆಂಡರಿನಿಂದ ಬ್ಯಾನರಿಗೆ ಇಳಿದು ಬಂದ ಗೆರೆ ಅದು. ಅಪ್ಪನಿಗೆ ದೇವರಂಥವರು ಎಸ್.ಎಂ. ಪಂಡಿತರು. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರಿಗೂ ಪುರಾಣದ ಕ್ಯಾಲೆಂಡರಿಗೂ ಹೆಸರಾದವರು. ಅವರ ಬಣ್ಣ ನೋಡಿದರೆ ನನಗೆ ಇವತ್ತೂ ಮೈ ಜುಮ್ ಅನ್ನುತ್ತೆ. ಬಳ್ಳಿ ಗೆರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕುಣಿಯೋಳಿಗೆ ಅದು ಸರಿ. ಬಸ್ಸು ಎತ್ತೋಳಿಗೆ ಸರಿಯಲ್ಲ. ನನ್ನ ಕಥೆಯ ಆರನೇ ಪುಟದಲ್ಲಿ ಅವಳು ಬಸ್ಸು ಎತ್ತಬೇಕಿತ್ತು.

ಹಾಗಾಗಿ ಅಮೆರಿಕದ ಕಾಮಿಕ್ಸ್‌ನವರು ಏನು ಮಾಡಿದ್ದಾರೆ ನೋಡೋಣ ಅಂತ ಕೂತೆ. ಅವರ ಪಾಡೂ ನನ್ನದೇ. ವಂಡರ್ ವುಮನ್ ಬಂದಿದ್ದು 1941ರಲ್ಲಿ. ಬರೆದವನು ಮಾರ್ಸ್ಟನ್, ಮನಶ್ಶಾಸ್ತ್ರಜ್ಞ, ಹೆಣ್ಣಿನ ಶಕ್ತಿಯನ್ನು ನಂಬಿದವನು. ಮರುವರ್ಷ ಬೇರೆ ಲೇಖಕರ ಕೈಯಲ್ಲಿ ಅವಳು ಹೀರೋಗಳ ತಂಡ ಸೇರಿದಾಗ ಕೊಟ್ಟ ಕೆಲಸ ಏನು ಗೊತ್ತಾ? ಸೆಕ್ರೆಟರಿ. ಗಂಡಸರು ಯುದ್ಧಕ್ಕೆ ಹೋಗ್ತಾರೆ, ಇವಳು ಮೀಟಿಂಗಿನ ಲೆಕ್ಕ ಬರೀತಾಳೆ. 1961ರ 'ಫೆಂಟಾಸ್ಟಿಕ್ ಫೋರ್'ನಲ್ಲಿ ಗಂಡಸು 'ಮಿಸ್ಟರ್ ಫೆಂಟಾಸ್ಟಿಕ್', ಸೂ ಸ್ಟಾರ್ಮ್ 'ಇನ್ವಿಸಿಬಲ್ ಗರ್ಲ್'. ಅವನು ಮಿಸ್ಟರ್, ಇವಳು ಹುಡುಗಿ. 1968ರಲ್ಲಿ ಅವಳಿಗೆ ಮಗ ಹುಟ್ಟಿದ. 'ವುಮನ್' ಅನ್ನಿಸಿಕೊಳ್ಳೋಕೆ 1985ರವರೆಗೆ ಕಾಯಬೇಕಾಯ್ತು. ಅವಳ ಶಕ್ತಿ ಯಾವುದು ಅಂತಲೂ ನೋಡಿ: ಕಾಣಿಸದೆ ಇರೋದು!

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಶೀ-ಹಲ್ಕ್. ಹಲ್ಕ್ ಅನ್ನೋ ಹಸಿರು ದೈತ್ಯನಾದಾಗ ಗಂಡಸಿನ ಹುಬ್ಬು ಉಬ್ಬುತ್ತೆ, ಕತ್ತು ಮಾಯವಾಗುತ್ತೆ, ಮುಖ ನೋಡೋಕೆ ಭಯ. 1980ರಲ್ಲಿ ಅವನ ತಂಗಿ ಸಂಬಂಧದ ಜೆನಿಫರ್‌ಗೂ ಅದೇ ರಕ್ತ ಏರಿಸಿದರು. ಅವಳು ಹಸಿರಾದಳು, ಎತ್ತರವಾದಳು, ಮುಖ ಮಾತ್ರ ಫ್ಯಾಷನ್ ಮಾಡೆಲ್‌ದು. ರಕ್ತ ಒಂದೇ. ಚಿತ್ರ ಬರೆಯೋರಿಗೆ ಹೆಣ್ಣನ್ನು ವಿಕಾರ ಮಾಡೋಕೆ ಧೈರ್ಯ ಬರಲಿಲ್ಲ ಅಷ್ಟೇ.

ನನಗೂ ಬಂದಿರಲಿಲ್ಲ. ನಾಲ್ಕನೇ ಪುಟದಲ್ಲಿ ಜ್ವಾಲಾ ಕೋಟೆ ಗೋಡೆ ಹತ್ತುವ ಚಿತ್ರ ಇತ್ತು. ಹಿಂಭಾಗ ನಮ್ಮ ಕಡೆ, ಎದೆಯೂ ನಮ್ಮ ಕಡೆ, ಮುಖವೂ ನಮ್ಮ ಕಡೆ. ಹೇಗೆ ಸಾಧ್ಯ? ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಬೀರುವಿನ ಕನ್ನಡಿ ಮುಂದೆ ನಾನೇ ಹಾಗೆ ನಿಲ್ಲೋಕೆ ನೋಡಿದೆ. ಸೊಂಟ ಈ ಕಡೆ, ಭುಜ ಆ ಕಡೆ, ಕತ್ತು ಮತ್ತೆ ಈ ಕಡೆ. ಕಟಕ್ ಅಂತು. ಎರಡು ದಿನ ಬಾಮ್ ಹಚ್ಚಿಕೊಂಡು ಓಡಾಡಿದೆ. ಮನೆಯಲ್ಲಿ ಕಾರಣ ಹೇಳಲಿಲ್ಲ. 2014ರಲ್ಲಿ ಸ್ಪೈಡರ್-ವುಮನ್ ಪುಸ್ತಕಕ್ಕೆ ಇಟಲಿಯ ಮಿಲೊ ಮನಾರಾ ಬರೆದ ಒಂದು ವಿಶೇಷ ಮುಖಪುಟದ ಬಗ್ಗೆ ದೊಡ್ಡ ಗಲಾಟೆ ಆಗಿತ್ತು. ಮಹಡಿಯ ಅಂಚು ಹತ್ತುತ್ತಿರುವ ಹೆಣ್ಣು, ಬಟ್ಟೆ ಮೈಗೆ ಬಣ್ಣ ಬಳಿದ ಹಾಗೆ. ಆಗ ಓದಿ ಬೈದಿದ್ದೆ. ಈಗ ಅದರ ತಂಗಿ ನನ್ನ ನಾಲ್ಕನೇ ಪುಟದಲ್ಲಿ ಕೂತಿದ್ದಳು.

ಇನ್ನೊಂದು ಪರೀಕ್ಷೆ ಮಾಡಿದೆ. ಇದು ನನ್ನ ಐಡಿಯಾ ಅಲ್ಲ. 2012ರಲ್ಲಿ ಕೆಲವು ಕಲಾವಿದರು ಹೀರೋಯಿನ್‌ಗಳ ಭಂಗಿಯಲ್ಲಿ ಹಾಕ್ಐ ಅನ್ನೋ ಗಂಡು ಹೀರೋನನ್ನು ಬರೆದು ಇಂಟರ್ನೆಟ್‌ನಲ್ಲಿ ಹಾಕಿದ್ದರು. ನಾನು ಜ್ವಾಲಾಳ ಗೆರೆ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಅದೇ ಭಂಗಿಗೆ ಮೀಸೆ ಹೊತ್ತ ಒಬ್ಬ ಪೈಲ್ವಾನನನ್ನು ಬರೆದೆ. ಮರುದಿನ ಕ್ಲಾಸಿಗೆ ಹಿಡಿದೆ. ಹುಡುಗರು ಬೆಂಚ್ ಬಡಿದು ನಕ್ಕರು. ಒಬ್ಬ ಎದ್ದು, "ಟೀಚರ್, ಪೈಲ್ವಾನಗ ಏನೋ ಆಗ್ಯಾದ್ರಿ, ದವಾಖಾನಿಗಿ ಒಯ್ರಿ" ಅಂದ. ಅದೇ ಭಂಗಿ, ಅದೇ ಗೋಡೆ. ಹೆಣ್ಣು ನಿಂತಾಗ ಯಾಕೆ ಯಾರೂ ದವಾಖಾನೆ ಹೆಸರು ಎತ್ತಲಿಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಗಪ್‌ಚಿಪ್.

ಗಂಡು ಹೀರೋಗಳ ಮೈಯನ್ನೂ ಉಬ್ಬಿಸಿ ಬರೀತಾರಲ್ಲ ಅಂತ ನಮ್ಮ ವಿಜ್ಞಾನದ ಸರ್ ವಾದ ಹಾಕಿದರು. ನಿಜ, ಬರೀತಾರೆ. ಆದ್ರೆ ಆ ಉಬ್ಬಿದ ತೋಳು ಅವನ ಕೆಲಸಕ್ಕೆ ಬರುತ್ತೆ, ಅದರಲ್ಲೇ ಅವನು ಹೊಡೀತಾನೆ. ನಾಲ್ಕು ಇಂಚಿನ ಹೀಲ್ ಹಾಕಿಕೊಂಡು ಛಾವಣಿಯಿಂದ ಛಾವಣಿಗೆ ಹಾರೋಳಿಗೆ ಆ ಹೀಲ್ ಯಾವ ಕೆಲಸಕ್ಕೆ? ಸರ್ ಚಹಾ ಕುಡಿದು ಎದ್ದು ಹೋದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಮುಖದ ವಿಷಯ ಇನ್ನೂ ಸೂಕ್ಷ್ಮ. ನನ್ನ ಹಳೇ ಸ್ಕೆಚ್ ಬುಕ್ ತೆಗೆದು ಹೆಣ್ಣುಗಳ ಕೂದಲಿನ ಮೇಲೆಲ್ಲ ಕಾಗದ ಮುಚ್ಚಿದೆ. ಏಳು ಜನ ಹೆಂಗಸರು, ಮುಖ ಒಂದೇ. ಅದೇ ದೊಡ್ಡ ಕಣ್ಣು, ಅದೇ ಚೂಪು ಗಲ್ಲ. ಗಂಡಸರಲ್ಲಿ ಒಬ್ಬನಿಗೆ ಗಿಣಿಮೂಗು, ಒಬ್ಬನಿಗೆ ಬೋಳುತಲೆ, ಇನ್ನೊಬ್ಬನಿಗೆ ಜೋತುಬಿದ್ದ ಕೆನ್ನೆ. ಇದಕ್ಕೆ ನಮ್ಮ ಕಸುಬಿನಲ್ಲೇ ಒಂದು ಕಾರಣ ಇದೆ. ಇಂಕಿನಲ್ಲಿ ಬರೆಯುವಾಗ ಮುಖದ ಮೇಲೆ ಒಂದೊಂದು ಗೆರೆ ಜಾಸ್ತಿಯಾದಂತೆ ವಯಸ್ಸು ಏರುತ್ತೆ. ಅದಕ್ಕೇ ಹೆಣ್ಣಿನ ಮುಖಕ್ಕೆ ಗೆರೆ ಹಾಕಬೇಡ ಅಂತ ಕಲಿಸ್ತಾರೆ. ಆಗ ಅವಳು ಬಸ್ಸು ಎತ್ತಿದರೂ ಮುಖದಲ್ಲಿ ಕಷ್ಟ ಕಾಣಲ್ಲ. ಹಲ್ಲು ಕಚ್ಚಲ್ಲ, ಹುಬ್ಬು ಗಂಟಿಕ್ಕಲ್ಲ. ಪೌಡರಿನ ಜಾಹೀರಾತಿಗೆ ನಿಂತ ಹಾಗೆ ನಿಲ್ತಾಳೆ.

ಕಷ್ಟದ ಮುಖ ನೋಡೋಕೆ ಒಂದು ಭಾನುವಾರ ಬೆಳಿಗ್ಗೆ ಸ್ಕೆಚ್ ಬುಕ್ ಹಿಡಿದು ಗಂಜ್ ಅನ್ನೋ ಧಾನ್ಯದ ಮಾರುಕಟ್ಟೆ ಕಡೆ ಹೋದೆ. ತೊಗರಿ ಸುಗ್ಗಿ ಮುಗೀತಾ ಬಂದಿತ್ತು. ರಾಶಿ ಪಕ್ಕ ಕಾಳು ಹಸನು ಮಾಡುವ ಹೆಣ್ಮಕ್ಕಳು ಕೂತಿದ್ದರು. ಅವರಲ್ಲಿ ಒಬ್ಬರು, ಐವತ್ತರ ಆಸುಪಾಸು, ಕಾಳು ತುಂಬಿದ ಬುಟ್ಟಿಯನ್ನು ನೆಲದಿಂದ ತಲೆಗೆ ಏರಿಸ್ತಿದ್ದರು. ಮೊದಲು ಕಾಲು ಅಗಲ ಮಾಡಿದರು. ಮಂಡಿ ಬಗ್ಗಿಸಿದರು. ಬುಟ್ಟಿ ಮೊದಲು ತೊಡೆಗೆ ಬಂತು, ಅಲ್ಲೊಂದು ಉಸಿರು, ಆಮೇಲೆ ಹೊಟ್ಟೆಯ ಆಸರೆ, ಆಮೇಲೆ ಒಂದೇ ಜಗ್ಗಿಗೆ ತಲೆ. ಹೊಟ್ಟೆಯ ಆಸರೆ! ನಾನು ಮೂರು ಸಲ ಅಳಿಸಿದ್ದೆನಲ್ಲ, ಆ ಜಾಗಾನೇ ಇಲ್ಲಿ ಕೆಲಸ ಮಾಡ್ತಿತ್ತು. ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು, ಮೂಗಿನ ಪಕ್ಕ ಎರಡು ಆಳದ ಗೆರೆ. ನಾನು ಬರೆಯೋದು ನೋಡಿ ಅವರು ನಕ್ಕರು. "ನಂದೇನ್ ಚಿತ್ರ ತಗೀತಿ ಯವ್ವಾ, ಛಂದ ಇರೋ ಹುಡುಗೇರು ಸಿಗ್ಲಿಲ್ಲೇನು?"

ಹನ್ನೊಂದು ಸ್ಕೆಚ್ ಮಾಡಿದೆ. ನಾಲ್ಕನೇ ಸಲ ಸೊಂಟ ಬರೆದಿದ್ದು ಅವನ್ನು ಎದುರಿಗಿಟ್ಟುಕೊಂಡೇ. ಹೀರೋಯಿನ್ ಈಗ ಏಳೂವರೆ ತಲೆ ಎತ್ತರ. ಪಾದ ದೊಡ್ಡದು. ಭುಜಕ್ಕೂ ಸೊಂಟಕ್ಕೂ ಅಂಥ ವ್ಯತ್ಯಾಸ ಇಲ್ಲ. ಬಸ್ಸನ್ನು ಮೊದಲು ತೊಡೆ ಮೇಲೆ ತಗೊಳ್ತಾಳೆ, ಆಮೇಲೆ ಹೊಟ್ಟೆಗೆ.

ಬಟ್ಟೆಯ ಪಾಠವನ್ನು ನನಗೆ ಹೇಳಿಕೊಟ್ಟಿದ್ದು ಕಾಮಿಕ್ಸ್ ಹೀರೋಯಿನ್ ಕ್ಯಾರೊಲ್ ಡ್ಯಾನ್‌ವರ್ಸ್. ಕಥೆಯ ಪ್ರಕಾರ ಅವಳು ವಾಯುಪಡೆಯ ಪೈಲಟ್. 1977ರಲ್ಲಿ 'ಮಿಸ್ ಮಾರ್ವೆಲ್' ಆದಾಗ ಹೊಟ್ಟೆ ಬಿಟ್ಟ ಬಟ್ಟೆ, ಮರುವರ್ಷ ಈಜುಡುಗೆ ಥರದ್ದು, ತೊಡೆವರೆಗಿನ ಬೂಟು. 2012ರಲ್ಲಿ 'ಕ್ಯಾಪ್ಟನ್ ಮಾರ್ವೆಲ್' ಆದಾಗ ಕಲಾವಿದ ಜೇಮಿ ಮೆಕೆಲ್ವಿ ಪೈಲಟ್ ತೊಡುವಂಥ ಮೈತುಂಬಾ ಸೂಟ್ ಕೊಟ್ಟ. ಅವಳು ಮಾಡೋ ಕೆಲಸ ಬಟ್ಟೆಯಲ್ಲಿ ಕಾಣೋಕೆ 35 ವರ್ಷ ಬೇಕಾಯ್ತು. ಸರಿ, ನನ್ನವಳ ಕೆಲಸ ಏನು? ಬಿಸಿಲಿನಲ್ಲಿ ತಿರುಗೋದು. ಬಿಸಿಲಿನಲ್ಲಿ ತಿರುಗೋರು ಏನು ಹಾಕ್ತಾರೆ ಅಂತ ನೋಡೋಕೆ ಅಮೆರಿಕಕ್ಕೆ ಯಾಕೆ ಹೋಗಬೇಕು? ಮಧ್ಯಾಹ್ನ ಜಗತ್ ಸರ್ಕಲ್‌ನಲ್ಲಿ ಐದು ನಿಮಿಷ ನಿಂತರೆ ಸಾಕು. ಸ್ಕೂಟಿ ಮೇಲೆ ಹೋಗೋ ಹುಡುಗಿಯರು ಮುಖಕ್ಕೆ ಸ್ಕಾರ್ಫ್ ಸುತ್ತಿ ಹಿಂದೆ ಗಂಟು ಹಾಕಿರ್ತಾರೆ. ಕಾಣೋದು ಕಣ್ಣು ಮಾತ್ರ. ಮೊಣಕೈವರೆಗೆ ಗ್ಲೌಸ್. ನಮ್ಮೂರಿನ ಅರ್ಧ ಹುಡುಗಿಯರು ಆಗಲೇ ಮುಖವಾಡ ಹಾಕಿಕೊಂಡು ಓಡಾಡ್ತಿದ್ದಾರೆ, ನಾನು ನೋಡಿರಲಿಲ್ಲ ಅಷ್ಟೇ.

ಸ್ಕಾರ್ಫ್ ಆಯ್ತು. ಮೈಮೇಲೆ ತೋಳುದ್ದದ ಗಂಡಸರ ಶರ್ಟು, ಹೊಲಕ್ಕೆ ಹೋಗುವ ಹೆಣ್ಮಕ್ಕಳು ಸೀರೆ ಮೇಲೆ ಹಾಕ್ಕೋತಾರಲ್ಲ, ಅದು. ಅದಕ್ಕೆ ಎರಡು ಜೇಬು ಇಟ್ಟೆ. ಹೀರೋಯಿನ್‌ಗಳ ಬಟ್ಟೆಗೆ ಜೇಬು ಯಾಕಿಲ್ಲ ಅನ್ನೋದರ ಮೇಲೇ ಬೇರೆ ಲೇಖನ ಬರೀಬಹುದು. ಕಾಲಿಗೆ ಬಿಳಿ ಪಿ.ಟಿ. ಶೂ. ಬಗಲಿಗೆ ನೀರಿನ ಬಾಟಲಿ, ಯಾಕಂದ್ರೆ ಶಾಖ ಬಿಟ್ಟ ಮೇಲೆ ಅವಳಿಗೆ ವಿಪರೀತ ಬಾಯಾರಿಕೆ.

ಇಷ್ಟು ಮೈ ಮುಚ್ಚಿದ್ದು ನೋಡಿ ಹಿರಿಯ ಸರ್ ಒಬ್ಬರಿಗೆ ಸಂತೋಷವಾಯ್ತು. "ಇನ್ನೊಂದೀಟು ಮಾಡ್ರಿ ಮೇಡಂ. ಸೀರಿ ಉಡಸ್ರಿ, ಹಣಿಗಿ ಕುಂಕುಮ ಇಡ್ರಿ. ಮನೆತನದ ಹುಡುಗಿ ಕಂಡಂಗ್ ಕಾಣ್ಬೇಕು" ಅಂದರು. ಅವರಿಗೂ ನನ್ನ ಹಳೇ ಜ್ವಾಲಾ ಥರ ಬರೆಯೋರಿಗೂ ಅಂಥ ಜಗಳ ಇಲ್ಲ ಅನ್ನಿಸಿತು. ಒಬ್ಬರು ಬಟ್ಟೆ ಕತ್ತರಿಸ್ತಾರೆ, ಇನ್ನೊಬ್ಬರು ಜೋಡಿಸ್ತಾರೆ. ಅಳತೆ ತಗೊಳ್ಳುವಾಗ ಇಬ್ಬರೂ ಅವಳನ್ನು ಕೇಳಿಲ್ಲ. 2014ರಲ್ಲಿ ಸ್ವಂತ ಪುಸ್ತಕ ಸಿಕ್ಕ ಹೊಸ ಮಿಸ್ ಮಾರ್ವೆಲ್ ಕಮಲಾ ಖಾನ್‌ಳನ್ನು ನೋಡಿ. ಜೆರ್ಸಿ ಸಿಟಿಯ ಪಾಕಿಸ್ತಾನಿ ಮನೆಯ ಹುಡುಗಿ. ಶಕ್ತಿ ಬಂದ ಮೊದಲ ದಿನ ಅವಳು ಹಳೇ ಮಿಸ್ ಮಾರ್ವೆಲ್ ಥರ ಬೆಳ್ಳಗೆ, ಚಿನ್ನದ ಕೂದಲಿನವಳಾಗಿ ಬದಲಾಗ್ತಾಳೆ. ಆ ಬೂಟು, ಆ ಬಟ್ಟೆ ಅವಳಿಗೆ ಹಿಂಸೆ. ಆಮೇಲೆ ಮೈತುಂಬಾ ಮುಚ್ಚುವ ಈಜುಡುಗೆಯಾದ ತನ್ನ ಬುರ್ಕಿನಿಯನ್ನೇ ತಿದ್ದಿ ಬಟ್ಟೆ ಮಾಡಿಕೊಳ್ತಾಳೆ. ಮುಚ್ಚೋದು ಬಿಡೋದು ಅವಳೇ ನಿರ್ಧಾರ ಮಾಡಿದ್ದು. ಹಾಗಾಗಿ ನಾನೂ ಸರ್ ಮಾತು ಬಿಟ್ಟು ಹಿಂದಿನ ಬೆಂಚಿನ ಹುಡುಗಿಯನ್ನು ಕೇಳಿದೆ. "ಓಡ್ಲಿಕ್ಕಿ ಬರ್ಬೇಕ್ರಿ, ಅಷ್ಟ್ ಸಾಕು" ಅಂದಳು. ಸೀರೆ ಅಲ್ಲಿಗೇ ಮುಗೀತು.

ಮುಖಪುಟದ ಬಣ್ಣದಲ್ಲೂ ಕ್ಲಾಸಿನ ಮಕ್ಕಳೇ ನನ್ನ ಕೈ ಹಿಡಿದರು. ಅಭ್ಯಾಸಬಲದಿಂದ ಮಕ್ಕಳು 'ಸ್ಕಿನ್ ಕಲರ್' ಅನ್ನೋ ಆ ಗುಲಾಬಿಯನ್ನೇ ತಗೊಂಡಿದ್ದೆ. "ದಿನಾ ಬಿಸಲಾಗ ತಿರಗಾಕಿ ಇಷ್ಟು ಬೆಳ್ಳಗ ಹೆಂಗ್ ಅದಾಳ್ರೀ?" ಕೆಂಪುಗಂದು ಬಣ್ಣದ ಬರ್ನ್ಟ್ ಸಿಯೆನ್ನಾಗೆ ಹಳದಿ ಓಕರ್ ಬೆರೆಸಿದೆ, ನೆರಳಿಗೆ ಚೂರು ನೀಲಿ. ಜ್ವಾಲಾ ಅನ್ನೋ ಹೆಸರೂ ಅವತ್ತೇ ಹೋಯ್ತು. ವೋಟ್ ಹಾಕಿಸಿದೆ. ಬಿಸಿಲವ್ವ ಗೆದ್ದಳು.

ಅರವತ್ತು ಪ್ರತಿ ಜೆರಾಕ್ಸ್ ಆಯ್ತು. ಅಂಗಡಿಯ ಹುಡುಗ ಮುಖಪುಟ ನೋಡಿ, "ಹೀರೋಯಿನ್ ಮಾರಿನೇ ಕಾಣಸ್ವಲ್ದಲ್ರೀ" ಅಂದ. ಒಳಗದ ನೋಡಪಾ ಅಂದೆ. ಹಂಚಿದ ಮರುದಿನ ಅದೇ ಹಿಂದಿನ ಬೆಂಚಿನವಳು ಪುಸ್ತಕ ತಂದು ಒಂಬತ್ತನೇ ಪುಟ ತೆಗೆದು ಬೆರಳಿಟ್ಟಳು. ಗಡಿಬಿಡಿಯಲ್ಲಿ ರಾತ್ರಿ ಹನ್ನೊಂದಕ್ಕೆ ಮುಗಿಸಿದ ಪುಟ ಅದು. ದೂರದಲ್ಲಿ ಓಡ್ತಿರುವ ಬಿಸಿಲವ್ವ, ಎರಡು ಇಂಚಿನ ಚಿತ್ರ. ಸ್ಕೇಲ್ ಬೇಕಾಗಲಿಲ್ಲ. ಮೂಲ ಹಾಳೆ ಹುಡುಕಿ ತೆಗೆದು ಸೊಂಟದ ಮೇಲೆ ಬಿಳಿ ಪೋಸ್ಟರ್ ಕಲರ್ ಹಚ್ಚಿದ್ದೇನೆ. ಇನ್ನೂ ಹಸಿ ಇದೆ.