ಹಳೆಯ ಜಿಪ್ಸಿಗೆ ಲಿಫ್ಟ್ ಮತ್ತು ಟೈರ್ ಆರಿಸಿದ ಬಗೆ

ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್. ಕಾರ್ಬುರೇಟರ್ ಗಾಡಿ. ನಾಲ್ಕೂ ಚಕ್ರಕ್ಕೆ ಬಾಗಿದ ಪ್ಲೇಟುಗಳನ್ನು ಪೇರಿಸಿದ ಲೀಫ್ ಸ್ಪ್ರಿಂಗ್, ಹಿಂದೆ ಮುಂದೆ ಎರಡೂ ಕಡೆ ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್. ನನ್ನ ಕೈಗೆ ಬರುವ ಹೊತ್ತಿಗೆ ಹಿಂದಿನ ಮಾಲೀಕರು ಉದ್ದನೆಯ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಗಾಡಿಯ ಚೌಕಟ್ಟಿಗೆ ತಗುಲಿಸುವ ಕೊಂಡಿ) ಹಾಕಿಸಿ ಗಾಡಿಯನ್ನು ಎತ್ತರಿಸಿದ್ದರು. ಹೀಗೆ ಎತ್ತರಿಸುವುದಕ್ಕೇ ಲಿಫ್ಟ್ ಅನ್ನುವುದು. ನಿಂತಾಗ ನೋಡಲು ಚೆಂದ. ಓಡಿಸಿದರೆ 60 ದಾಟುತ್ತಿದ್ದಂತೆ ಮೂಗು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತಿತ್ತು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ನಾನೇ ತಿರುಗಿಸಿ ತರಬೇಕಿತ್ತು. ಗಾಡಿ ಹಳೆಯದು, ಹೀಗೇ ಇರುತ್ತದೆ ಅಂದುಕೊಂಡು ಮೂರು ತಿಂಗಳು ಓಡಿಸಿದೆ.

ಕಾರಣ ಆ ಶ್ಯಾಕಲ್ಲೇ. ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಶ್ಯಾಕಲ್ ಇರುವುದು ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಸ್ಪ್ರಿಂಗಿನ ಮುಂತುದಿ ಕೆಳಗೆ ಹೋಗುತ್ತದೆ, ಜೊತೆಗೆ ಆಕ್ಸಲ್ ಕೂಡ ಮುಂದಕ್ಕೆ ಹೊರಳುತ್ತದೆ. ಸೈಕಲ್ಲಿನ ಫೋರ್ಕ್ ಹೇಗೆ ಮೇಲ್ತುದಿಯಲ್ಲಿ ಹಿಂದಕ್ಕೆ ವಾಲಿರುತ್ತದೋ ಹಾಗೆ ಚಕ್ರ ತಿರುಗುವ ಅಕ್ಷವೂ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಗ್ಯಾರೇಜಿನಲ್ಲಿ ಕ್ಯಾಸ್ಟರ್ ಅನ್ನುವುದು ಇದನ್ನೇ. ಅದು ಕಡಿಮೆಯಾದರೆ ಚಕ್ರಕ್ಕೆ ನೇರ ಹೋಗುವ ಬುದ್ಧಿ ಇರುವುದಿಲ್ಲ. ಇಷ್ಟೆಲ್ಲ ಕಳೆದುಕೊಂಡು ಸಿಕ್ಕಿದ್ದೇನು? ಶ್ಯಾಕಲ್ ಇರುವುದು ಸ್ಪ್ರಿಂಗಿನ ಒಂದು ತುದಿಯಲ್ಲಿ, ಆಕ್ಸಲ್ ಕೂರುವುದು ಸುಮಾರು ನಡುವಿನಲ್ಲಿ. ಹಾಗಾಗಿ ಶ್ಯಾಕಲ್ 50 ಮಿ.ಮೀ. ಉದ್ದವಾದರೆ ಗಾಡಿ ಏಳುವುದು ಅದರ ಅರ್ಧ, 25 ಮಿ.ಮೀ. ಅಷ್ಟೆ.

ಶ್ಯಾಕಲ್ ಕಿತ್ತು ಕಂಪನಿಯ ಅಳತೆಯದ್ದನ್ನೇ ಹಾಕಿಸಿದೆ. ಆಗ ನಿಜ ಹೊರಬಿತ್ತು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆದೆ. ಹಿಂದಿನ ಬಲಚಕ್ರದ ಕಡೆ ಎಡಕ್ಕಿಂತ 22 ಮಿ.ಮೀ. ತಗ್ಗು. ಸ್ಪ್ರಿಂಗ್ ಪ್ಲೇಟುಗಳು ಕಮಾನಿನ ಬಾಗು ಕಳೆದುಕೊಂಡು ಹೆಚ್ಚುಕಡಿಮೆ ನೇರವಾಗಿ ಮಲಗಿದ್ದವು. ನೆಲದಿಂದ ಅಳೆಯದೆ ಚಕ್ರದ ನಡುವಿನಿಂದ ಅಳೆಯುವುದಕ್ಕೆ ಕಾರಣ ಇದೆ: ಹೀಗೆ ಅಳೆದರೆ ಟೈರಿನ ಸವೆತ, ಗಾಳಿಯ ಹೆಚ್ಚುಕಡಿಮೆ ಲೆಕ್ಕದಲ್ಲಿ ಸೇರುವುದಿಲ್ಲ, ಸ್ಪ್ರಿಂಗಿನ ಸ್ಥಿತಿ ಮಾತ್ರ ಕಾಣುತ್ತದೆ.

ಹಳೆಯ ಗಾಡಿಗೆ ಲಿಫ್ಟ್ ಹಾಕಿಸಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಅಳತೆಯ ಮಾತನ್ನೇ. ಕಳೆದುಹೋದ ಎತ್ತರ ಎಷ್ಟು ಅಂತ ಗೊತ್ತಿಲ್ಲದೆ ಎಷ್ಟು ಎತ್ತರಿಸಬೇಕು ಅಂತ ತೀರ್ಮಾನಿಸಲು ಆಗುವುದಿಲ್ಲ.

ನಮ್ಮ ಮೆಕ್ಯಾನಿಕ್ ಅಣ್ಣ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರು. "ಸ್ಪ್ರಿಂಗ್ ಆಮೇಲೆ ನೋಡೋಣ ಸಾರ್. ಮೊದಲು ಮುಂದಿನ ಚಕ್ರ ಅಲ್ಲಾಡ್ಸಿ ನೋಡ್ತೀನಿ" ಅಂದರು. ಜಾಕ್ ಹಾಕಿ ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಜಗ್ಗಿದರು. ಟಕ್ ಟಕ್ ಅಂತ ಸದ್ದು. ಅದು ವೀಲ್ ಬೇರಿಂಗಿನದೋ, ಚಕ್ರ ಎಡಬಲಕ್ಕೆ ತಿರುಗುವ ಅಚ್ಚಾದ ಕಿಂಗ್ ಪಿನ್ನಿನದೋ ತಿಳಿಯಲು ನನ್ನನ್ನು ಕೂರಿಸಿ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಜಗ್ಗಿದರು. ಬ್ರೇಕ್ ಹಿಡಿದರೂ ಆಟ ಉಳಿದಿತ್ತು, ಅಂದರೆ ಕಿಂಗ್ ಪಿನ್ ಬೇರಿಂಗ್ ಸವೆದಿತ್ತು. ಇದನ್ನು ಹಾಗೇ ಬಿಟ್ಟು ದೊಡ್ಡ, ಭಾರದ ಟೈರ್ ಏರಿಸಿದರೆ ಒಂದು ಗುಂಡಿಗೆ ಚಕ್ರ ಬಿದ್ದ ಕೂಡಲೇ ಸ್ಟೇರಿಂಗ್ ಕೈಬಿಟ್ಟು ಹೋಗುವಷ್ಟು ನಡುಗಬಹುದು. ಬೇರಿಂಗ್, ಸ್ಪ್ರಿಂಗ್ ಬುಷ್, ಟೈ ರಾಡ್ ತುದಿಗಳು, ಇವಿಷ್ಟನ್ನೂ ಬದಲಿಸಿದ ಮೇಲೆಯೇ ಲಿಫ್ಟಿನ ಮಾತೆತ್ತಿದ್ದು. ಗಾಡಿ ಅರ್ಧ ಸರಿಹೋಗಿದ್ದು ಅಲ್ಲೇ.

ಇನ್ನು ಟೈರಿನ ವಿಷಯ. ಲಿಫ್ಟ್ ಆರಿಸುವ ಮೊದಲು ಟೈರ್ ಆರಿಸಬೇಕು. ಇದನ್ನು ನಾನು ತಡವಾಗಿ ಕಲಿತೆ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ಕಲ್ಲಿಗೆ ಮೊದಲು ತಾಗುವುದು ಆಕ್ಸಲ್ ನಡುವೆ ಗೇರುಗಳಿರುವ ಉಬ್ಬಿದ ಪೆಟ್ಟಿಗೆ, ಡಿಫರೆನ್ಷಿಯಲ್ ಹೌಸಿಂಗ್. ಲಿಫ್ಟ್ ಎಷ್ಟೇ ಹಾಕಿದರೂ ಅದು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಸ್ಪ್ರಿಂಗ್ ಎತ್ತುವುದು ಷಾಸಿಯನ್ನು (ಗಾಡಿಯ ಚೌಕಟ್ಟು), ಬಾಡಿಯನ್ನು. ಆಕ್ಸಲ್ ಏಳಬೇಕಾದರೆ ಟೈರೇ ದೊಡ್ಡದಾಗಬೇಕು. ಹಾಗಾದರೆ ಲಿಫ್ಟಿನಿಂದ ಏನು ಉಪಯೋಗ? ಗಾಡಿಯ ಹೊಟ್ಟೆ ದಿಬ್ಬಕ್ಕೆ ಉಜ್ಜುವುದಿಲ್ಲ, ಬಂಪರ್ ಏರಿಗೆ ಕುಟ್ಟುವುದಿಲ್ಲ, ಮುಖ್ಯವಾಗಿ ದೊಡ್ಡ ಟೈರ್ ಆಡಲು ಮಡ್‌ಗಾರ್ಡ್ ಒಳಗೆ ಜಾಗ ಸಿಗುತ್ತದೆ.

ಲೆಕ್ಕ ಹಾಕಿದೆ. ಕಂಪನಿಯ ಟೈರ್ 205/70 ಆರ್ 15. ಅಗಲ 205, ಅದರ ಶೇಕಡಾ 70 ಗೋಡೆಯ ಎತ್ತರ, ಅಂದರೆ 143.5 ಮಿ.ಮೀ. ಮೇಲೆ ಕೆಳಗೆ ಎರಡು ಗೋಡೆ ಸೇರಿ 287. 15 ಇಂಚಿನ ರಿಮ್ 381. ಒಟ್ಟು 668 ಮಿ.ಮೀ. ವ್ಯಾಸ. ಇದೇ ಲೆಕ್ಕದಲ್ಲಿ 215/75 ಆರ್ 15 ಸುಮಾರು 704, 235/75 ಆರ್ 15 ಸುಮಾರು 734, ಎಲ್ಲರೂ ಆಸೆಪಡುವ 31 ಇಂಚಿನದು 787. ಆಕ್ಸಲ್ ಏಳುವುದು ಈ ಹೆಚ್ಚಳದ ಅರ್ಧ ಮಾತ್ರ: 215ಕ್ಕೆ 18 ಮಿ.ಮೀ., 235ಕ್ಕೆ 33, 31 ಇಂಚಿಗೆ 60ರ ಹತ್ತಿರ.

31ರ ಆಸೆ ನನಗೂ ಇತ್ತು. ಬಿಡಿಸಿದ್ದು ಎಂಜಿನ್. ಟೈರಿನ ಸುತ್ತಳತೆ ಶೇಕಡಾ 18ರಷ್ಟು ಹೆಚ್ಚಿದರೆ ಪ್ರತಿ ಗೇರೂ ಅಷ್ಟೇ ಉದ್ದವಾದಂತೆ. 1.3 ಲೀಟರಿನ ಎಂಜಿನ್ ಏರಿನಲ್ಲಿ ಎರಡನೇ ಗೇರಿಗೇ ಉಸಿರು ಕಟ್ಟುತ್ತದೆ. ಲೋ ಗೇರಿನಲ್ಲಿ ಕಲ್ಲಿನ ಮೇಲೆ ಇರುವೆಯಂತೆ ತೆವಳುವ ಆ ಹಿಡಿತ, ಜಿಪ್ಸಿಯ ಜೀವವೇ ಅದು, ಹೋಗಿಬಿಡುತ್ತದೆ. ಆಕ್ಸಲ್ ಒಳಗಿನ ಗೇರ್ ಜೋಡಿಯಾದ ಕ್ರೌನ್ ಪಿನಿಯನ್ ಅಥವಾ ಶಕ್ತಿಯನ್ನು ಎರಡೂ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರ್ ಬದಲಿಸಿ ಸರಿಮಾಡುವವರಿದ್ದಾರೆ. ಆದರೆ ಸುಮಾರು ಒಂದು ಟನ್ ತೂಗುವ ಈ ಗಾಡಿಯ ಬ್ರೇಕ್, ಆಕ್ಸಲ್ ಶಾಫ್ಟ್, ಬೇರಿಂಗುಗಳ ಮೇಲೆ ದೊಡ್ಡ ಟೈರಿನಿಂದ ಬೀಳುವ ಭಾರವನ್ನು ಆ ಗೇರ್ ಕಡಿಮೆ ಮಾಡುವುದಿಲ್ಲ. ಉಳಿದದ್ದು 215 ಮತ್ತು 235.

ಈ ಎರಡರಲ್ಲಿ ಯಾವುದು ಅನ್ನುವುದನ್ನು ಆಮೇಲೆ ನೋಡೋಣ ಅಂತ ಬಿಟ್ಟು, ಎರಡಕ್ಕೂ ಸಾಕಾಗಬಹುದಾದ ಲಿಫ್ಟ್ ಹುಡುಕಿದೆ. ದಾರಿಗಳು ಹಲವು. ಹಳೆಯ ಪ್ಲೇಟುಗಳನ್ನು ಕಾಯಿಸಿ ಬಡಿದು ಮತ್ತೆ ಬಾಗಿಸುವುದು ಒಂದು. ಸರಿಯಾಗಿ ಹದ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಕುಸಿಯುತ್ತವೆ. ಒಂದು ಪ್ಲೇಟ್ ಹೆಚ್ಚಿಗೆ ಸೇರಿಸುವುದು ಇನ್ನೊಂದು. ಎತ್ತರ ಬರುತ್ತದೆ, ಆದರೆ ಖಾಲಿ ಗಾಡಿ ಎತ್ತಿನ ಬಂಡಿಯ ಹಾಗೆ ಕುಟ್ಟುತ್ತದೆ, ಚಕ್ರ ಹಳ್ಳಕ್ಕೆ ಇಳಿಯುವ ಬದಲು ಗಾಳಿಯಲ್ಲಿ ತೂಗುತ್ತದೆ. ಸ್ಪ್ರಿಂಗಿನ ಕೆಳಗೆ ಆಕ್ಸಲ್ ಬರುವಂತೆ ಜೋಡಣೆಯನ್ನೇ ತಿರುಗಿಸುವುದು ಮತ್ತೊಂದು. ಅದರಲ್ಲಿ ಒಂದೇ ಏಟಿಗೆ ಐದು ಇಂಚಿನಷ್ಟು ಸಿಗುತ್ತದೆ. ಸ್ಟೇರಿಂಗಿನ ರಾಡುಗಳು, ಪ್ರೊಪೆಲ್ಲರ್ ಶಾಫ್ಟಿನ ಕೋನ, ಬ್ರೇಕ್ ಪೈಪು ಎಲ್ಲವನ್ನೂ ಮತ್ತೆ ಮಾಡಿಸಬೇಕು. ಕಲ್ಲು ಹತ್ತುವುದಕ್ಕೆಂದೇ ಇಟ್ಟುಕೊಂಡ ಗಾಡಿಗೆ ಸರಿ. ದಿನವೂ ರಸ್ತೆಯಲ್ಲಿ ಓಡುವ ನನ್ನ ಗಾಡಿಗೆ ಬೇಡ ಅನ್ನಿಸಿತು.

ಆರಿಸಿದ್ದು 40 ಮಿ.ಮೀ. ಎತ್ತರಿಸುವ ಹೊಸ ಸ್ಪ್ರಿಂಗ್ ಸೆಟ್. ಅದರಲ್ಲೂ ಕಡಿಮೆ ಭಾರಕ್ಕೆ ಮಾಡಿದ್ದು. ಸ್ಪ್ರಿಂಗ್ ಕೊಳ್ಳುವಾಗ ಎತ್ತರ ಕೇಳುವಂತೆಯೇ ಎಷ್ಟು ತೂಕಕ್ಕೆ ಅಂತಲೂ ಕೇಳಬೇಕು. ವರ್ಷಕ್ಕೊಮ್ಮೆ ಹೊರುವ ಸಾಮಾನು ಲೆಕ್ಕಕ್ಕೆ ಬರುವುದಿಲ್ಲ, ಗಾಡಿಯ ಮೇಲೆ ಸದಾ ಇರುವ ತೂಕ ಬರುತ್ತದೆ. ನನ್ನ ಗಾಡಿಯಲ್ಲಿ ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಇಲ್ಲ, ಕಬ್ಬಿಣದ ಬಂಪರ್ ಇಲ್ಲ. ಭಾರಿ ಸ್ಪ್ರಿಂಗ್ ಹಾಕಿದ್ದರೆ 40ರ ಬದಲು 60 ಎದ್ದು, ಬೆನ್ನು ಮುರಿಯುತ್ತಿತ್ತು.

ಶಾಕ್ ಅಬ್ಸಾರ್ಬರ್ ಕೂಡ ಅಳತೆ ನೋಡಿಯೇ ತಂದೆ. ಷಾಸಿಯನ್ನು ಎತ್ತಿ ಆಕ್ಸಲ್ ಪೂರ್ತಿ ಜೋತುಬಿಟ್ಟಾಗ ಮೇಲಿನ ಕೆಳಗಿನ ಬೋಲ್ಟುಗಳ ನಡುವೆ ಎಷ್ಟು ದೂರ, ಆಕ್ಸಲ್ ಮೇಲೆದ್ದು ತನ್ನನ್ನು ತಡೆಯುವ ಬಂಪ್ ಸ್ಟಾಪಿಗೆ ತಾಗಿದಾಗ ಎಷ್ಟು. ಈ ಎರಡರ ನಡುವೆ ಶಾಕ್ ತುದಿ ಮುಟ್ಟದೆ ಆಡಬೇಕು. ಕೆಳಗೆ ಜೋತಾಗ ಸ್ಪ್ರಿಂಗಿಗಿಂತ ಮೊದಲು ಶಾಕ್ ಎಳೆದು ನಿಂತರೆ ಅದರ ಕಣ್ಣೇ ಕಿತ್ತುಬರುತ್ತದೆ. ಅದೇ ಹೊತ್ತಿನಲ್ಲಿ ಬ್ರೇಕ್ ಹೋಸ್ ಮುಟ್ಟಿ ನೋಡಿದೆ. ಮುಂದಿನದು ವೀಣೆಯ ತಂತಿಯ ಹಾಗೆ ಬಿಗಿದಿತ್ತು. ಉದ್ದನೆಯದು ಹಾಕಿಸುವ ತನಕ ಗಾಡಿ ಶೆಡ್ ಬಿಟ್ಟು ಕದಲಲಿಲ್ಲ.

ಜೋಡಿಸುವಾಗ ಎರಡು ವಿಷಯ ಅಣ್ಣನಿಂದ ಕಲಿತೆ. ಒಂದು, ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯೂ ಬೋಲ್ಟ್ ಹಳೆಯದನ್ನೇ ಮತ್ತೆ ಬಿಗಿಯಬಾರದು. ಒಮ್ಮೆ ಎಳೆತಕ್ಕೆ ಸಿಕ್ಕಿದ್ದು ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಇನ್ನೊಂದು, ಶ್ಯಾಕಲ್ ಬೋಲ್ಟುಗಳನ್ನು ಗಾಡಿ ಜಾಕ್ ಮೇಲಿರುವಾಗ ಕಡೆಯ ಬಿಗಿ ಕೊಡಬಾರದು. ಚಕ್ರ ನೆಲಕ್ಕೆ ಇಳಿಸಿ, ಗಾಡಿಯನ್ನು ನಾಲ್ಕು ಸಲ ಒತ್ತಿ ಕುಣಿಸಿ, ಅದು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಡಿ ಎದ್ದ ಮೇಲೆ ಸ್ಟೇರಿಂಗ್ ಚಕ್ರ ವಾರೆಯಾಗಿತ್ತು, ಸ್ಟೇರಿಂಗಿನಿಂದ ಚಕ್ರದ ಕಡೆ ಹೋಗುವ ರಾಡು, ಡ್ರ್ಯಾಗ್ ಲಿಂಕ್, ತಿರುಗಿಸಿ ನೇರ ಮಾಡಿದರು. ಬೇಕಾದಷ್ಟು ಕ್ಯಾಸ್ಟರ್ ಬರಲು ಮುಂದಿನ ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಓರೆ ಪ್ಲೇಟ್ ಕೂರಿಸಿದರು. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು, ಅದನ್ನು ತಗ್ಗಿಸಿದ್ದಾಯಿತು.

ಈಗ 215ಓ 235ಓ? ಉತ್ತರ ಕೊಟ್ಟಿದ್ದು ಸೀಮೆಸುಣ್ಣ. ಗೆಳೆಯನಿಂದ 235ರ ಎರಡು ಚಕ್ರ ಎರವಲು ತಂದು ಮುಂದೆ ಹಾಕಿದೆ. ಟೈರಿನ ಭುಜದ ಹಲ್ಲುಗಳಿಗೆಲ್ಲ ಒದ್ದೆ ಸೀಮೆಸುಣ್ಣ ಗಟ್ಟಿಯಾಗಿ ಬಳಿದೆ. ಮುಂದಿನ ಬಲಚಕ್ರವನ್ನು ಒಂದಡಿ ಎತ್ತರದ ಮರದ ದಿಮ್ಮಿಗಳ ಮೇಲೆ ಹತ್ತಿಸಿದೆ, ಹಿಂದಿನ ಎಡಚಕ್ರವನ್ನು ಇನ್ನೊಂದು ದಿಮ್ಮಿಯ ಮೇಲೆ. ಗಾಡಿ ಮೂಲೆಯಿಂದ ಮೂಲೆಗೆ ತಿರುಚಿಕೊಂಡು ನಿಂತಿತು. ನನ್ನ ತಮ್ಮ ಒಳಗೆ ಕೂತು ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದ. ನಾನು ದೂರ ನಿಂತು ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಕರ್ ಅಂತ ಸದ್ದು ಬಂತು. ಇಳಿಸಿ ನೋಡಿದರೆ ಬಂಪರಿನ ಮೂಲೆಯಲ್ಲಿ ಬಿಳಿ ಗೆರೆ, ಮಡ್‌ಗಾರ್ಡಿನ ಹಿಂದಿನ ಕೆಳ ಅಂಚಿನಲ್ಲಿ ಹಸ್ತದಗಲದ ಬಿಳಿ ಪಟ್ಟೆ. ಇನ್ನೊಂದು ಬದಿಯೂ ಹಾಗೇ. ತಗಡು ಕತ್ತರಿಸದೆ 235 ಕೂರುವುದಿಲ್ಲ. ಜೊತೆಗೆ ಆ ಅಗಲಕ್ಕೆ ಕನಿಷ್ಠ 6 ಇಂಚಿನ ರಿಮ್ ಬೇಕು, ಜಿಪ್ಸಿಯದು ಐದೂವರೆ. ಹೊಸ ರಿಮ್ ಹಾಕಿದರೆ ಟೈರ್ ಇನ್ನೂ ಹೊರಗೆ ಬಂದು ಉಜ್ಜುವ ಜಾಗ ಹೆಚ್ಚುತ್ತದೆ. 215ರಲ್ಲಿ ಇದೇ ಪರೀಕ್ಷೆ ಮಾಡಿದಾಗ ಒಂದೇ ಕಡೆ ಬೆರಳಗಲದ ಗುರುತು. ಬಂಪ್ ಸ್ಟಾಪನ್ನು 20 ಮಿ.ಮೀ. ಉದ್ದ ಮಾಡಿಸಿದ ಮೇಲೆ ಅದೂ ಮಾಯವಾಯಿತು. 215 ಅಂತ ನಿಶ್ಚಯ ಮಾಡಿದೆ.

ಹಲ್ಲಿನ ಬಗೆ ಆರಿಸುವುದು ಕಷ್ಟವಾಗಲಿಲ್ಲ. ಮಡ್ ಟೈರಿನ ದೊಡ್ಡ ಹಲ್ಲುಗಳು ಕೆಸರನ್ನು ತಾವೇ ಕೊಡವಿಕೊಳ್ಳುತ್ತವೆ, ಜೇಡಿಮಣ್ಣಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಒದ್ದೆ ಡಾಂಬರಿನಲ್ಲಿ ಬ್ರೇಕ್ ಹೊಡೆದಾಗ ಹಿಡಿತ ಕಡಿಮೆ, ಸದ್ದು ಜಾಸ್ತಿ. ನನ್ನ ಓಡಾಟದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ರಸ್ತೆ. ಎಬಿಎಸ್ ಇಲ್ಲದ ಗಾಡಿಗೆ ಮಳೆಯಲ್ಲಿ ನಿಲ್ಲುವ ಟೈರ್ ಬೇಕು. ರಸ್ತೆಗೂ ಕಚ್ಚಾದಾರಿಗೂ ಆಗುವ ಆಲ್ ಟೆರೇನ್ ಟೈರ್ ತಂದೆ. ಮೊದಲು ಹೋದ ಅಂಗಡಿಯಲ್ಲಿ ಒಳ್ಳೆಯ ರಿಯಾಯಿತಿ ಕೊಡುತ್ತೇವೆ ಅಂದರು. ಟೈರಿನ ಗೋಡೆಯ ಮೇಲೆ ಅದು ತಯಾರಾದ ಕಾಲ ಹೇಳುವ ನಾಲ್ಕಂಕಿ ಓದಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರ್ ಮಾಡಿ ಆರು ವರ್ಷ ದಾಟಿತ್ತು. ಹಲ್ಲು ಹೊಸದಾಗಿದ್ದರೂ ರಬ್ಬರ್ ಒಣಗಿರುತ್ತದೆ. ಬೇಡ ಅಂದು ಬಂದೆ. ಇಂಥ ಗಾಡಿಗಳು ತಿಂಗಳುಗಟ್ಟಲೆ ನಿಂತೇ ಇರುವುದರಿಂದ ಟೈರ್ ಸವೆಯುವ ಮೊದಲೇ ವಯಸ್ಸಾಗುತ್ತದೆ. ಸ್ಟೆಪ್ನಿಯನ್ನೂ ಅದೇ ಅಳತೆಯದ್ದು ತಂದೆ. ಫೋರ್ ವೀಲ್ ಹಾಕಿದಾಗ ಒಂದು ಚಕ್ರ ಚಿಕ್ಕದಿದ್ದರೆ ಗೇರುಗಳು ಒಂದಕ್ಕೊಂದು ಹೋರಾಡುತ್ತವೆ.

ಗಾಳಿಗೂ ಸೀಮೆಸುಣ್ಣವೇ. ಟೈರಿಗೆ ಅಡ್ಡ ಒಂದು ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿದೆ. ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಎರಡು ಅಂಚು ಮಾತ್ರ ಅಳಿಸಿದರೆ ಕಡಿಮೆ. ನನ್ನ ಗಾಡಿಗೆ ಗಾಳಿಯ ಒತ್ತಡ 26 ಪಿಎಸ್ಐ ಇದ್ದಾಗ ಗೆರೆ ಪೂರ್ತಿ ಸಮನಾಗಿ ಅಳಿಸಿತು. ಕಲ್ಲುದಾರಿಗೆ 20, ಮರಳಿಗೆ 15ರ ಹತ್ತಿರ ಇಳಿಸುತ್ತೇನೆ. ಗಾಳಿ ಇಳಿದಾಗ ಟೈರ್ ನೆಲಕ್ಕೆ ಉದ್ದುದ್ದ ಅಂಟಿಕೊಳ್ಳುತ್ತದೆ. ಲಿಫ್ಟಿಗಿಂತ ಎಷ್ಟೋ ಸಲ ಇದೇ ನನ್ನನ್ನು ಹೊರಗೆ ತಂದಿದೆ. ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಲೇಬೇಕು, ಮೆತ್ತಗಿನ ಟೈರ್ ವೇಗಕ್ಕೆ ಕಾದು ಹರಿಯುತ್ತದೆ. ಪಂಪ್ ಇಲ್ಲದೆ ನಾನು ಗಾಳಿ ಬಿಡುವುದಿಲ್ಲ.

ಟೈರ್ ದೊಡ್ಡದಾದ್ದರಿಂದ ಈಗ ಸ್ಪೀಡೋಮೀಟರಿನ ಮುಳ್ಳು 60 ತೋರಿಸಿದರೆ ನಿಜವಾದ ವೇಗ 63. ಕಿಲೋಮೀಟರ್ ಲೆಕ್ಕವೂ ಅಷ್ಟೇ ಕಡಿಮೆ ಓದುತ್ತದೆ, ಮೈಲೇಜ್ ನೋಡುವಾಗ ಶೇಕಡಾ 5 ಸೇರಿಸಿಕೊಳ್ಳುತ್ತೇನೆ. ಕಂಪನಿ ಹೇಳಿದ್ದ ನೆಲದಂತರ 210 ಮಿ.ಮೀ., ಈಗ 228. ಇಷ್ಟೆಲ್ಲ ಮಾಡಿ 18 ಮಿ.ಮೀ. ಅಷ್ಟೇನಾ ಅಂತ ಗೆಳೆಯ ಕೇಳಿದ. ಮೊದಲು ಹೊಟ್ಟೆ ಉಜ್ಜುತ್ತಿದ್ದ ದಿಬ್ಬದ ಮೇಲೆ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಸದ್ದಿಲ್ಲದೆ ದಾಟಿತು. ಬರುವಾಗ 80ರಲ್ಲಿ ಸ್ಟೇರಿಂಗ್ ಅವನ ಕೈಗೆ ಕೊಟ್ಟೆ, ನೇರ ಬಂತು.

ಯೂ ಬೋಲ್ಟುಗಳನ್ನು 100 ಕಿ.ಮೀ. ಆದಾಗ ಒಮ್ಮೆ, 500 ಆದಾಗ ಇನ್ನೊಮ್ಮೆ ಬಿಗಿಸಿದೆ. ಮೊದಲ ಸಲ ಪ್ರತಿಯೊಂದೂ ಕಾಲು ಸುತ್ತು ಹಿಡಿಯಿತು. ಸಾವಿರ ಕಿ.ಮೀ. ಆದ ಮೇಲೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆದೆ. ಹೊಸ ಸ್ಪ್ರಿಂಗ್ 6 ಮಿ.ಮೀ. ಕೂತಿದೆ, ಎಡಬಲ ವ್ಯತ್ಯಾಸ 2. ನಾಲ್ಕು ಅಂಕಿಗಳನ್ನೂ ತಾರೀಖಿನ ಜೊತೆ ಬಾನೆಟ್ಟಿನ ಒಳಮೈಯಲ್ಲಿ ಪೇಂಟಿನಿಂದ ಬರೆದಿದ್ದೇನೆ.